ಎಂಗೊ ಟೂರಿಷ್ಟುಗೊ ಅಲ್ಲಡ!

ಈ ಸರ್ತಿಯಾಣ ಶುದ್ದಿ ರಜ ಖಾರ ಇದ್ದು, ಸುರುವಿಂಗೇ ಹೇಳಿಬಿಡ್ತೆ. ಬೈವಲೆ ಹೆರಟದು ಹೆರಾಣೋರ ಅಲ್ಲ. ಎನ್ನನ್ನೇ, ಮತ್ತೆ ಎಂಗಳ ಹಾಂಗೆ ಮಕ್ಕಳ ಕಟ್ಟಿಗೊಂಡು ವರ್ಷಗಟ್ಲೆ ಊರೂರು ತಿರುಗುವೋರ.

ಎಂಗೊ ಮನೆಂದ ಹೆರಟು ಹತ್ತು ತಿಂಗಳು ಕಳುತ್ತು. ಬೆಂಗಳೂರಿನ ಮನೆಯ ಬಾಡಿಗೆಗೆ ಕೊಟ್ಟು, ಮಾಣಿಗೂ ಕೂಸಿಂಗೂ ಒಂದು ವರ್ಷ ಶಾಲೆ ಬಿಡುಸಿ, ನಾಲ್ಕು ಪೆಟ್ಟಿಗೆ ಹಿಡ್ಕೊಂಡು ಹೆರಟದು. ಇವಕ್ಕೆ ಕಂಪ್ಯೂಟರು ಬಿಡುಸಿದಲ್ಲೇ ಆಪೀಸು. ವಿಯೆಟ್ನಾಮು, ಜಾರ್ಜಿಯ, ಟರ್ಕಿ ಎಲ್ಲ ಮುಗುಶಿ ಜೂನ್ ಸುರುವಿಂಗೆ ಪೋರ್ಚುಗಲ್ಲಿನ ಲಿಸ್ಬನ್ನಿಂಗೆ ಎತ್ತಿದೆಯೊ°. ಹೋದಲ್ಲೆಲ್ಲ ಆರು ಕೇಳಿರೂ ಎನ್ನ ಉತ್ತರ ಒಂದೇ: "ಎಂಗೊ ಟೂರಿಷ್ಟುಗೊ ಅಲ್ಲ, ಊರಿನೋರ ಹಾಂಗೆ ಇಪ್ಪಲೆ ಬಂದದು." ಹೇಳುವಗ ರಜ ಜಂಬವುದೆ ಇತ್ತು. ಆ ಮಾತು ಲೊಟ್ಟೆ ಹೇಳಿ ಗೊಂತಪ್ಪಲೆ ಲಿಸ್ಬನ್ನೇ ಬೇಕಾತು.

ಹಳೆ ಲಿಸ್ಬನ್ ಹೇಳಿರೆ ಆಲ್ಫಾಮ. ತೇಜೊ ನದಿಯ ಕರೆಲಿ, ಕೋಟೆಗುಡ್ಡೆಯ ಕೆಳ ಇಪ್ಪ ಕೇರಿ. ಹೆಸರು ಅರಬ್ಬೀ ಭಾಷೆದು, ಬೆಶಿನೀರಿನ ಒರತೆ ಹೇಳಿ ಅರ್ಥ. 1755ರ ನವೆಂಬರ್ 1ರ ಭೂಕಂಪ, ಅದರ ಬೆನ್ನಿಂಗೆ ಬಂದ ಸಮುದ್ರದ ಅಲೆ, ಕಿಚ್ಚು ಎಲ್ಲ ಸೇರಿ ಲಿಸ್ಬನ್ ಪೇಟೆಯ ಹೊಡಿ ಮಾಡಿತ್ತು. ಈ ಓಣಿಗೊ ಮಾಂತ್ರ ಹೆಚ್ಚಿನಾಂಶ ಒಳುದತ್ತು. ಕೆಲವು ಓಣಿಗಳಲ್ಲಿ ಕೈ ಅಗಲ್ಸಿರೆ ಎರಡೂ ಹೊಡೆಯ ಗೋಡೆ ಮುಟ್ಟುತ್ತು. ಟ್ಯಾಕ್ಸಿ ಬುಡಲ್ಲೇ ನಿಂದತ್ತು. ಮತ್ತೆ ಮೆಟ್ಲು. ಇರುಳು ಒಂಬತ್ತು ಗಂಟೆಗುದೆ ಬೆಣಚ್ಚು ಇತ್ತು. ಪೆಟ್ಟಿಗೆಯ ಚಕ್ರಂಗೊ ಕಲ್ಲಿಂಗೆ ತಾಗಿ ಗಡಗಡ ಹೇಳುವಗ ಮೇಗೆ ಆರೋ ಕಿಟಿಕಿ ಹಾಕಿಗೊಂಡವು.

ಎಂಗಳ ಬಾಗಿಲಿಲಿ ಆರೂ ಇತ್ತಿದ್ದವಿಲ್ಲೆ. ಗೋಡೆಲಿ ಸಾಲಾಗಿ ನಾಲ್ಕು ಸಣ್ಣ ಕಬ್ಬಿಣದ ಪೆಟ್ಟಿಗೆಗೊ, ಒಂದೊಂದಕ್ಕೂ ನಂಬ್ರದ ಗುಬ್ಬಿ. ಮೊಬೈಲಿಂಗೆ ಬಂದ ನಂಬ್ರ ಒತ್ತಿರೆ ಒಳ ಬೀಗದ ಕೈ. ಕೂಸು ಕೇಳಿತ್ತು, "ಅಮ್ಮಾ, ಇಲ್ಲಿ ಆರೂ ಬನ್ನಿ ಹೇಳ್ತವಿಲ್ಲೆಯಾ?" ನಮ್ಮ ಮನೆಗಳಲ್ಲಿ ನೆಂಟರು ಜೆಗಿಲಿಗೆ ಹತ್ತುವ ಮದಲೇ ಕೈಕಾಲು ತೊಳವಲೆ ನೀರು, ಮತ್ತೆ ಬೆಲ್ಲ-ನೀರು, "ಆಸರಿಂಗೆ ಎಂತಕ್ಕು?" ಹೇಳುವ ಮಾತು. ಅಜ್ಜನಮನೆಲಿ ಅದರ ನೋಡಿದ ಕೂಸಿಂಗೆ ಪೆಟ್ಟಿಗೆಯ ಸ್ವಾಗತ ವಿಚಿತ್ರ ಕಂಡತ್ತು. ಎನಗೆ ಆ ದಿನ ಎಂತದೂ ಕಂಡಿದಿಲ್ಲೆ. ಎರಡು ಕೋಣೆ, ಅಡಿಗೆಕೋಣೆ, ಬಟ್ಟೆ ಒಗವ ಮಿಶನು, ಕಿಟಿಕಿಂದ ನೋಡಿರೆ ನದಿ. ಎರಡು ತಿಂಗಳು ಇರ್ತರೆ ಬಾಡಿಗೆಲಿ ರಿಯಾಯಿತಿ ಬೇರೆ. ಕೊಶಿಲಿ ಕುಕ್ಕರು ಮಡುಗಿದೆ.

ನಾಲ್ಕನೇ ದಿನ ಬಟ್ಟೆ ಹರಗುವಗ ಎಂಗಳ ತುವಾಲು ಜಾರಿ ಕೆಳಾಣ ಮನೆಯ ಅಜ್ಜಿಯ ಬಳ್ಳಿಗೆ ಬಿದ್ದತ್ತು. ಕೂಸು ಓಡಿ ಹೋಗಿ "ತುವಾಲು" ಹೇಳಿತ್ತು. ಅಜ್ಜಿಗೆ ಅರ್ಥ ಆತು! ಅವರ ಭಾಷೆಲಿಯುದೆ ಅದು ತುವಾಲ್ಯ. ಅಂದಿಂದ ಮಕ್ಕೊಗೆ ಅದೇ ಆಟ. ನಮ್ಮ ಬಾಲ್ದಿ ಅವರ ಬಾಲ್ದ್, ನಮ್ಮ ಬಟಾಟೆ ಅವರ ಬತಾತ, ನಮ್ಮ ಚಾವಿ ಅವರ ಶಾವ್. ಐನೂರು ವರ್ಷ ಮದಲು ನಮ್ಮ ಕರಾವಳಿಗೆ ಬಂದ ಪೋರ್ಚುಗೀಸರು ಬಿಟ್ಟಿಕ್ಕಿ ಹೋದ ಶಬ್ದಂಗೊ ಎಂಗೊಗೆ ಅಲ್ಲಿ ಬಾಗಿಲು ತೆಗದವು.

ಮತ್ತೆ ಮೊಬೈಲಿನ ಅನುವಾದ ಹಿಡ್ಕೊಂಡು ಮಾತು ಬೆಳದತ್ತು. ಆ ಕಟ್ಟೋಣಲ್ಲಿ ಐದು ಮನೆ. ವರ್ಷಪೂರ್ತಿ ಇಪ್ಪದು ಈಗ ಅಜ್ಜಿ ಒಂದೇ. ಒಳುದ ನಾಲ್ಕಕ್ಕೆ ಬಾಗಿಲ ಹತ್ತರೆ ಕಂಡ ಆ ನಾಲ್ಕು ಪೆಟ್ಟಿಗೆ. ಎಂಗೊ ಇಪ್ಪ ಮನೆಲಿ ಅಜ್ಜಿಯ ದೋಸ್ತಿ ಒಂದು ಮೂವತ್ತು ವರ್ಷ ಸಂಸಾರ ಮಾಡಿತ್ತಡ. ಕರಾರು ಮುಗುದಪ್ಪಗ ಮನೆಯ ಯೆಜಮಾನ° ಹೊಸ ಕರಾರು ಮಾಡಿದ್ದನಿಲ್ಲೆ. ಈಗ ಅದು ನದಿಯ ಆಚಿಕರೆಲಿ ಮಗನ ಮನೆಲಿದ್ದು. ಅಜ್ಜಿ ಹೇಳಿತ್ತು, "ನಿಂಗಳ ಒಗ್ಗರಣೆ ಪರಿಮ್ಮಳ ಒಳ್ಳೆದಿದ್ದು. ನಿಂಗಳುದೆ ಒಳ್ಳೆ ಜೆನಂಗೊ. ಆದರೆ ಇರುಳು ಎನಗೆ ತಲೆ ತಿರುಗಿ ಬಿದ್ದರೆ ಆನು ಆರ ಬಾಗಿಲು ಬಡಿಯೆಕ್ಕು?"

ಎನ್ನತ್ರೆ ಉತ್ತರ ಇತ್ತಿಲ್ಲೆ. ಆಗಸ್ಟಿಂಗೆ ಎಂಗೊ ಅಲ್ಲಿ ಇರ್ತಿಲ್ಲೆಯೊ°.

ಅಂದು ಇರುಳು ಕೂದು ಲೆಕ್ಕ ಹಾಕಿದೆ. ಮೂರು ದಿನಕ್ಕೆ ಬಪ್ಪ ಟೂರಿಷ್ಟಂಗೆ ಎಂತ ಬೇಕು? ಒಂದು ಹಾಸಿಗೆ, ಒಂದು ಬೀಗ. ಹೋಟ್ಲು ಸಾಕು, ಅದರ ಅವಂಗೇ ಹೇಳಿ ಕಟ್ಟಿದ್ದು. ಎಂಗೊಗೆ ಎಂತ ಬೇಕು? ಎರಡು ಕೋಣೆ, ಅಡಿಗೆಕೋಣೆ, ಮಕ್ಕೊ ಓದುಲೆ ಮೇಜು, ಹತ್ತರೆ ತರಕಾರಿ ಅಂಗಡಿ, ಟ್ರಾಮು. ಲಿಸ್ಬನ್ನಿಲಿ ದುಡುದು ತಿಂಬ ಒಂದು ಸಂಸಾರಕ್ಕುದೆ ಬೇಕಪ್ಪದು ಇದೇ ಅಲ್ಲದಾ? ಆ ಸಂಸಾರ ಅಲ್ಲಿಯಾಣ ಸಂಬಳಲ್ಲಿ ಬಾಡಿಗೆ ಕೊಡೆಕ್ಕು. ಎಂಗೊ ಅದಕ್ಕಿಂತ ಹೆಚ್ಚು ಕೊಡ್ಳೆ ತಯಾರಿಪ್ಪೋರು. ಮೂರು ದಿನದವ° ಹಾಸಿಗೆ ತೆಕ್ಕೊಳ್ತ°, ಮೂರು ತಿಂಗಳಿನವ° ಮನೆಯನ್ನೇ ತೆಕ್ಕೊಳ್ತ°. ಹಾಂಗಿಪ್ಪಗ ಬಾವುಟ ಹಿಡುದ ಗೈಡಿನ ಹಿಂದೆ ಹೋಪೋರ ನೋಡಿ ಮೂಗು ಮುರಿವಲೆ ಎಂಗೊಗೆ ಎಂತ ಯೋಗ್ಯತೆ ಇದ್ದು?

ಊರಿನೋರಡ, ಊರಿನೋರು! ಎಂಗಳ ವೀಸಾಲ್ಲಿ ಇಪ್ಪದು 180 ದಿನಲ್ಲಿ 90 ದಿನ. ಊರಿನೋರಿಂಗೆ ತೊಂಬತ್ತೊಂದನೇ ದಿನವುದೆ ಇರ್ತು. ಆ ದಿನವುದೆ ಬಾಡಿಗೆ ಕೊಡೆಕ್ಕು, ಆ ದಿನವುದೆ ಅಜ್ಜಿಗೆ ಮದ್ದು ತರೆಕ್ಕು.

ತಪ್ಪು ಪೂರಾ ತಿರುಗುವೋರದ್ದೇ ಹೇಳಿ ಆನು ಹೇಳ್ತಿಲ್ಲೆ. ಸಾಲಲ್ಲಿ ಮುಳುಗಿದ ಪೋರ್ಚುಗಲ್ 2012ರಲ್ಲಿ ಬಾಡಿಗೆ ಕಾನೂನಿನ ಸಡ್ಲ ಮಾಡಿತ್ತು, ಹಳೆ ಬಾಡಿಗೆದಾರರ ಎಬ್ಬುಸುದು ಸುಲಭ ಆತು. 2014ರಲ್ಲಿ ಪ್ರವಾಸಿಗೊಕ್ಕೆ ಮನೆ ಕೊಡುವೋರ ನೋಂದಣಿಯನ್ನುದೆ ಸಲೀಸು ಮಾಡಿದವು. 2018ರಲ್ಲಿ ನಗರಾಡಳಿತವೇ ಆಲ್ಫಾಮ, ಮೌರಾರಿಯದ ಹಾಂಗಿಪ್ಪ ಹಳೆ ಕೇರಿಗಳಲ್ಲಿ ಹೊಸ ನೋಂದಣಿಯ ತಡದತ್ತು. ಅಷ್ಟಪ್ಪಗ ಸುಮಾರು ಮನೆಗೊ ಕೈ ಬಿಟ್ಟು ಹೋಗಿ ಆಗಿತ್ತು. ಕಾನೂನು ಬಾಗಿಲು ತೆಗದ್ದಪ್ಪು. ಒಳ ಹೊಕ್ಕದು ಆರು?

ಮೌರಾರಿಯ ಹೇಳಿದೆನ್ನೆ, ಅದು ಗುಡ್ಡೆಯ ಆಚ ಹೊಡೆಯ ಕೇರಿ. ಅಲ್ಲಿ ಕೆಮಿಲಾ ವಾಟ್ಸನ್ ಹೇಳುವ ಬ್ರಿಟಿಷ್ ಛಾಯಾಗ್ರಾಹಕಿ ಕೇರಿಯ ಹಳಬ್ಬರ ಪಟಂಗಳ ಓಣಿಯ ಗೋಡೆಗಳ ಮೇಗೇ ಹಾಕಿದ್ದು. ಭಾರೀ ಪ್ರೀತಿಲಿ ಮಾಡಿದ ಕೆಲಸ. ಆದರೆ ಎಂಗಳ ಹಾಂಗಿಪ್ಪೋರು ಅದರ ಎದುರು ನಿಂದು ಸೆಲ್ಫಿ ತೆಗವದರ ನೋಡಿ ಎನ್ನ ಹೊಟ್ಟೆ ಚುರುಕ್ ಹೇಳಿತ್ತು. ನಮ್ಮಲ್ಲಿ ಅಜ್ಜ-ಅಜ್ಜಿಯ ಪಟ ಗೋಡೆಗೆ ಏರುದು ಯಾವಗ ಹೇಳಿ ನಿಂಗೊಗೆ ಗೊಂತಿದ್ದು.

ಈಗ ನಿಂಗೊ ಕೇಳುವ ಪ್ರಶ್ನೆಗೊಕ್ಕೆ ಬತ್ತೆ. ಎಲ್ಲವನ್ನುದೆ ಆನು ಎನಗೇ ಕೇಳಿಗೊಂಡದೇ.

"ಪೈಸೆ ಕೊಡ್ತಿಲ್ಲೆಯಾ?" ಕೊಡ್ತು. ಆ ಪೈಸೆ ಹೆಚ್ಚಿನದ್ದು ಹೋಪದು ಮನೆಯ ಯೆಜಮಾನಂಗೆ. ಎಂಗಳ ಓಣಿಯ ತಲೆಲಿ ಮದಲು ಜೀನಸಿನ ಅಂಗಡಿ ಇತ್ತಡ. ಈಗ ಅಲ್ಲಿ ಪ್ರವಾಸಿಗಳ ಪೆಟ್ಟಿಗೆ ಮಡುಗುವ ಜಾಗೆ. ಅಜ್ಜಿ ಹಾಲಿಂಗೆ ಗುಡ್ಡೆ ಇಳುದು ಹತ್ತೆಕ್ಕು.

"ಸಸ್ಯಾಹಾರಿಗೊಕ್ಕೆ ಅಡಿಗೆಕೋಣೆ ಇಲ್ಲದ್ರೆ ಹೇಂಗಕ್ಕು?" ಇದು ಎನ್ನದೇ ಪ್ರಶ್ನೆ, ಇದರ ಕಷ್ಟ ಎನಗೆ ಗೊಂತಿದ್ದು. ಜೂನ್ 12ರ ಇರುಳು ಅಲ್ಲಿ ಸಂತ ಅಂತೋನಿಯ ಹಬ್ಬ. ಓಣಿ ಓಣಿಲಿ ಮೀನು ಸುಡುವ ಹೊಗೆ, ಎಂಗೊ ಕಿಟಿಕಿ ಮುಚ್ಚಿ ಸಾರು-ಅಶನ ಉಂಡದು. ಅಡಿಗೆಕೋಣೆ ಬೇಕು, ಒಪ್ಪಿದೆ. ಅಡಿಗೆಕೋಣೆ ಬೇಕು ಹೇಳಿರೆ ಇನ್ನೊಬ್ಬರ ಇಡೀ ಮನೆಯೇ ಬೇಕು ಹೇಳಿ ಅರ್ಥ ಅಲ್ಲನ್ನೆ. ಅಡಿಗೆಕೋಣೆ ಇಪ್ಪ ಹೋಟ್ಲುಗೊ ಇದ್ದು. ಹಂಚಿಗೊಂಬ ಅಡಿಗೆಕೋಣೆಯ ಹಾಸ್ಟೆಲುಗೊ ಇದ್ದು. ಯೆಜಮಾನರು ಇದ್ದುಗೊಂಡೇ ಕೋಣೆ ಕೊಡುವ ಮನೆಗೊ ಇದ್ದು. ರಜ ಹೆಚ್ಚು ಪೈಸೆ, ರಜ ಕಮ್ಮಿ ಸುಖ, ಅಷ್ಟೆ.

"ಅವು ನಮ್ಮ ದೋಚಿದ್ದವಿಲ್ಲೆಯಾ?" ಇದು ಕುಟುಂಬದ ವಾಟ್ಸಾಪು ಗುಂಪಿಲಿ ಭಾವ° ಒಬ್ಬ° ಹಾಕಿದ್ದು. ಎಂಗೊ ಬೆಲೆಂ ಹೇಳುವಲ್ಲಿಯ ಜೆರೋನಿಮೊಸ್ ಮಠದ ಪಟ ಕಳುಸಿತ್ತಿದ್ದೆಯೊ°. 1497ರಲ್ಲಿ ವಾಸ್ಕೋ ಡ ಗಾಮ° ಹಡಗು ಹತ್ತಿದ್ದು ಆ ಕರೆಂದ, ಅವನ ಗೋರಿ ಇಪ್ಪದುದೆ ಆ ಮಠಲ್ಲಿ. ಮಠ ಕಟ್ಟಿದ್ದರಲ್ಲಿ ಸಾಂಬಾರ ವ್ಯಾಪಾರದ ಮೇಗೆ ಹಾಕಿದ ತೆರಿಗೆಯ ಪೈಸೆ ಇದ್ದು. ಗೇರುಸೊಪ್ಪೆಯ ಚೆನ್ನಭೈರಾದೇವಿಯ ಅವು ಒಳ್ಳೆಮೆಣಸಿನ ರಾಣಿ ಹೇಳಿಯೇ ಹೇಳಿಗೊಂಡಿತ್ತಿದ್ದವು. ಮಾಣಿ ಕಂಬವ ಮುಟ್ಟಿ ನೋಡಿ, "ಇದರ್ಲಿ ನಮ್ಮ ಹೊಡೆಯ ಒಳ್ಳೆಮೆಣಸುದೆ ಇಕ್ಕಾ?" ಕೇಳಿದ°. ಅದರ ಓದಿ ಭಾವ° ಬರದ°, "ಹಾಂಗಾರೆ ಎರಡು ತಿಂಗಳು ಅವರ ಮನೆಲಿ ಕೂಪದು ತಪ್ಪಲ್ಲ, ಲೆಕ್ಕ ಚುಕ್ತ!"

ಭಾವಾ, ನೆಗೆ ಬಂತು, ಆದರೆ ಲೆಕ್ಕ ತಪ್ಪಿದ್ದು. ತೆರಿಗೆ ತಿಂದದು ರಾಜ°. ಎಂಗೊ ಹೆರ ಹಾಕಿದ್ದು ಒಂದು ಬಾಡಿಗೆ ಮನೆಯ ಅಜ್ಜಿಯ. ಅವ° ತೆಕ್ಕೊಂಡ ಸಾಲವ ಇದರ ಕೈಂದ ವಸೂಲು ಮಾಡುದು ಯಾವ ನ್ಯಾಯ?

"ಎಂಗೊ ಬಾರದ್ರೆ ಬೇರೆ ಆರಾರು ಬಕ್ಕು." ಇದು ಎಲ್ಲಕ್ಕಿಂತ ಸಸಾರದ ನೆಪ, ಆನುದೆ ಇದನ್ನೇ ಹಿಡ್ಕೊಂಡದು. ಎರಡು ತಿಂಗಳಿನ ಪೈಸೆ ಮದಲೇ ಕೊಟ್ಟಾಗಿತ್ತು. ಬಿಟ್ಟರೆ ಪೈಸೆ ಹೋಕು, ಮನೆ ಅಜ್ಜಿಯ ದೋಸ್ತಿಗೆ ಎಂತ ಸಿಕ್ಕ ಹೇಳಿ ಅಲ್ಲೇ ಕೂದೆಯೊ°. ಪುಣ್ಯದ ಕೆಲಸ ಮಾಡಿದೆ ಹೇಳಿ ಆನು ಇಲ್ಲಿ ಬರೆತ್ತಾ ಇಲ್ಲೆ.

ಹಾಂಗಾರೆ ಮನೆಲಿ ಕೋಣೆ ಕೊಡುದೇ ತಪ್ಪಾ? ಅಲ್ಲ. ನಮ್ಮ ಹಳ್ಳಿಗಳಲ್ಲಿ ಮಕ್ಕೊ ಪೇಟೆ ಸೇರಿ, ದೊಡ್ಡ ಮನೆಲಿ ಮಾವ°-ಅತ್ತೆ ಇಬ್ರೇ ಒಳುದು, ಎರಡು ಕೋಣೆಯ ಬಂದೋರಿಂಗೆ ಕೊಟ್ಟರೆ ಆ ಮನೆಲಿ ದೀಪ ಹೆಚ್ಚಾವ್ತು. ಬನ್ನಿ ಹೇಳ್ಲೆ ಜೆನ ಇರ್ತವು, ಇರುಳು ಆರಿಂಗಾರು ಹುಶಾರು ತಪ್ಪಿರೆ ಬಾಗಿಲು ಬಡಿವಲುದೆ ಜೆನ ಇರ್ತವು. ಆಲ್ಫಾಮಲ್ಲಿ ಆದ್ದು ಅದರ ತಲೆಕೆಳ.

ಎನ್ನ ವಾದ ಇಷ್ಟೆ. ಹೆಚ್ಚು ದಿನ ಇಪ್ಪ ನೆಂಟಂಗೆ ಹೆಚ್ಚು ಹಕ್ಕು ಇಲ್ಲೆ, ಹೆಚ್ಚು ಜವಾಬ್ದಾರಿ ಇದ್ದು. ನಮ್ಮ ಮನೆಗೆ ನೆಂಟ° ಬಂದರೆ ಜೆಗಿಲಿಲಿ ಹಸೆ ಹಾಕುತ್ತು, ಒಳ ಮನುಗುಸುತ್ತು. ಅಜ್ಜಿಯ ಮಂಚಂದ ಎಬ್ಬುಸಿ ಅವಂಗೆ ಕೊಡ್ತಿಲ್ಲೆ. ಕೊಟ್ಟರುದೆ ಮರ್ಯಾದೆ ಇಪ್ಪ ನೆಂಟ° ಮನುಗ°.

ಪೋರ್ಟೊ ನಗರಕ್ಕೆ ಹೋಪಗ ಎಂಗೊ ಯೆಜಮಾನ್ತಿ ಇಪ್ಪ ಮನೆಲೇ ಒಂದು ಕೋಣೆ ಹಿಡುದೆಯೊ°. ಅಡಿಗೆಕೋಣೆ ಎಂಗೊಗೆ ಹೊತ್ತೋಪಗ ಆರರಿಂದ ಎಂಟರ ವರೆಗೆ. ಇವರ ಮೀಟಿಂಗು ಮೆಟ್ಲಿಲಿ. ಮಕ್ಕೊಗೆ ಜಗಳ ಮಾಡ್ಳೆ ಬೇರೆ ಕೋಣೆ ಇಲ್ಲೆ, ಎನಗೆ ಕೋಪ ಬಂದರೆ ಕೂಪಲೆ ಜಾಗೆ ಇಲ್ಲೆ. ಹೋದ ದಿನ ಬಾಗಿಲು ತೆಗದ್ದು ಮಾಂತ್ರ ಮನುಷ್ಯರು. ಕೂಸು ಅದನ್ನೇ ನಾಲ್ಕು ಸರ್ತಿ ಹೇಳಿತ್ತು.

ಲಿಸ್ಬನ್ ಬಿಡುವ ದಿನ, ಹಬ್ಬಕ್ಕೆ ಅಜ್ಜಿ ಕೊಟ್ಟ ಮಂಜೆರಿಕು ಗೆಡುವಿನ ಚಟ್ಟಿಯ ಕೆಳಾಣ ಮನೆಯ ಕಿಟಿಕಿಲಿ ವಾಪಸು ಮಡುಗಿದೆಯೊ°. ಅದು ನಮ್ಮ ತೊಳಶಿಯ ಜಾತಿದೇ. ಮೂಗು ಹಾಕಿ ಮೂಸಲಾಗಡ, ಕೈಲಿ ಮುಟ್ಟಿ ಕೈಯ ಮೂಸೆಕ್ಕಡ. ಬೀಗದ ಕೈಯ ಪೆಟ್ಟಿಗೆಲಿ ಹಾಕಿ ನಂಬ್ರ ತಿರುಗುಸಿದೆಯೊ°. ಮೆಟ್ಲು ಇಳಿವಗ ಎದುರಂದ ನಾಲ್ಕು ಜೆನರ ಸಂಸಾರ ಒಂದು ಹತ್ತಿಗೊಂಡು ಬಂತು, ಗಡಗಡ ಹೇಳಿಗೊಂಡು.

ಬೈವೋರು ಬೈಯಿ, ಬೇಜಾರಿಲ್ಲೆ. ಆದರೆ ಮುಂದಾಣ ಸರ್ತಿ ತಿಂಗಳುಗಟ್ಲೆಗೆ ಮನೆ ಹಿಡಿವಗ, ಅದು ಲಿಸ್ಬನ್ನೇ ಆಗಲಿ ಗೋಕರ್ಣವೇ ಆಗಲಿ, ಎಷ್ಟು ಬಾಡಿಗೆ ಹೇಳಿ ಕೇಳುವ ಮದಲು ಒಂದರಿ ಕೇಳಿ: ಈ ಮನೆಲಿ ಮದಲು ಆರು ಇತ್ತಿದ್ದವು, ಅವು ಈಗ ಎಲ್ಲಿದ್ದವು?