ಪ್ರವಾಸದ ಊಟ: ಬೆಳಗಾವಿಯ ಮಂಡಿಗೆ, ಖಾನಾಪುರದ ಹಾಲು

ನಮ್ಮ ಗೃಹಸ್ಥರು ಪ್ರವಾಸಕ್ಕೆ ಹೊರಡುವಾಗ ಬುತ್ತಿಯ ಗಂಟಿಗೆ ಕೊಡುವಷ್ಟು ಲಕ್ಷ್ಯವನ್ನು ಬೇರೆ ಯಾವುದಕ್ಕೂ ಕೊಡುವುದಿಲ್ಲ. ಅವಲಕ್ಕಿ, ಚಕ್ಕುಲಿ, ಚಟ್ನಿಪುಡಿ, ಮೊಸರನ್ನದ ಡಬ್ಬಿ ಇವೆಲ್ಲ ಗಾಡಿಯನ್ನೇರಿದ ಬಳಿಕವೇ ಯಜಮಾನರಿಗೆ ಸಮಾಧಾನ. ಎಳೆಯ ಮಕ್ಕಳೂ ವೃದ್ಧರೂ ಜೊತೆಗಿರುವಾಗ ಇಂಥ ಎಚ್ಚರವು ಅನುಚಿತವೆಂದು ನಾವು ಹೇಳಲಾರೆವು. ಆದರೆ ನಾಲ್ಕು ದಿವಸ ಪರಸ್ಥಳದಲ್ಲಿದ್ದು, ಅಲ್ಲಿಯ ಕೋಟೆ ಗುಡಿಗಳನ್ನೆಲ್ಲ ಸುತ್ತಿ, ಆ ನೆಲದಲ್ಲಿ ಬೆಳೆದ ಒಂದು ತುತ್ತನ್ನೂ ಬಾಯಿಗಿಡದೆ ಹಿಂದಿರುಗುವವರು ಊರನ್ನು ಅರ್ಧ ಮಾತ್ರ ನೋಡಿ ಬಂದವರೆಂದೇ ನಮ್ಮ ಎಣಿಕೆ. ಈ ತಿಂಗಳು ಬೆಳಗಾವಿ ಮತ್ತು ಖಾನಾಪುರಗಳ ಊಟದ ವಿಷಯವಾಗಿ ವಾಚಕರಲ್ಲಿ ಕೆಲವು ಮಾತುಗಳನ್ನು ಬಿನ್ನವಿಸಬೇಕೆಂದಿದ್ದೇವೆ.

ಬೆಳಗಾವಿಯು ಸಮುದ್ರಮಟ್ಟದಿಂದ ಸುಮಾರು 2500 ಅಡಿ ಎತ್ತರದಲ್ಲಿದ್ದು, ಬಯಲು ಮತ್ತು ಮಲೆಗಳು ಕೂಡುವ ಎಡೆಯಲ್ಲಿ ನಿಂತಿದೆ. ಊರಿನ ಮೂಡಣಕ್ಕೆ ನಡೆದಂತೆ ಮಳೆ ಕಡಿಮೆಯಾಗುತ್ತ, ಎರೆಯ ಹೊಲಗಳೂ ಜೋಳವೂ ಕಾಣತೊಡಗುತ್ತವೆ. ಪಡುವಣಕ್ಕೆ ತಿರುಗಿದರೆ ಸ್ವಲ್ಪ ದೂರದಲ್ಲಿಯೇ ಭತ್ತದ ಗದ್ದೆಗಳು, ಅವುಗಳಾಚೆಗೆ ಕಾಡು, ಕಾಡಿನಾಚೆಗೆ ಘಟ್ಟವಿಳಿದು ಗೋಮಂತಕ. ಹೀಗಾಗಿ ಒಂದೇ ಪೇಟೆಯಲ್ಲಿ ಜೋಳದ ರೊಟ್ಟಿಯೂ ಅಕ್ಕಿಯ ಭಾಕರಿಯೂ, ಎಣ್ಣೆಗಾಯಿಯೂ ಕೋಕಮದ ಸಾರೂ ಸಿಕ್ಕುವ ಸೋಜಿಗವು ಈ ಊರಿಗೆ ಸಹಜವಾಗಿದೆ. ಧಾರವಾಡದ ಕಡೆಯಿಂದ ಬಂದವರಿಗೆ ಇಲ್ಲಿಯ ಊಟದ ಅರ್ಧವು ಪರಿಚಿತ, ಅರ್ಧವು ಹೊಸತು. ಮೈಸೂರಿನ ಕಡೆಯವರಿಗೆ ಬಹುಪಾಲು ಹೊಸತೇ. ಅವರು ಮೊದಲ ದಿವಸ ಇಡ್ಲಿಯನ್ನು ಹುಡುಕುತ್ತ ಅಲೆಯುವುದನ್ನು ಬಿಟ್ಟು, ಜುಣಕದ ವಡಿಯನ್ನೂ ಮೊಳಕೆಕಾಳಿನ ಉಸಳಿಯನ್ನೂ ರೊಟ್ಟಿಯೊಡನೆ ಬೇಡಿದರೆ ಅವರ ಪ್ರವಾಸವು ಅಂದಿನಿಂದಲೇ ಪ್ರಾರಂಭವಾಯಿತೆಂದು ತಿಳಿಯಬೇಕು.

ಸಂಜೆಯ ಹೊತ್ತು ಬೀದಿಯ ಬದಿಯಲ್ಲಿ ಕರಿಯುವ ಬಾಣಲೆಗಳ ಮುಂದೆ ನಿಂತವರು ಒಂದು ಸಂಗತಿಯನ್ನು ಗಮನಿಸಬಹುದು. ಕಡಲೆಹಿಟ್ಟಿನಲ್ಲಿ ಅದ್ದಿದ ಮೆಣಸಿನಕಾಯಿ, ವಡೆಯೊಳಗಿನ ಬಟಾಟೆ, ಆ ವಡೆಯನ್ನು ಅಪ್ಪಿಕೊಂಡಿರುವ ಪಾವ, ಈ ಮೂರನ್ನೂ ನಮ್ಮ ನಾಡಿಗೆ ತಂದವರು ಪೋರ್ತುಗೀಜರು. ಅವರು ಗೋವೆಯನ್ನು ಹಿಡಿದದ್ದು 1510ರಲ್ಲಿ. ಅವರ ಜನರೇ 1543ರಲ್ಲಿ ಜಪಾನ ದೇಶವನ್ನು ಮುಟ್ಟಿದರು. ಹಿಟ್ಟಿನಲ್ಲಿ ಅದ್ದಿ ಕರಿಯುವ ಪದ್ಧತಿಯನ್ನು ಅಲ್ಲಿಯವರು ಇವರಿಂದ ಕಲಿತು ‘ತೆಂಪುರ’ವೆಂಬ ತಮ್ಮ ಪ್ರಸಿದ್ಧ ಭಕ್ಷ್ಯವನ್ನು ಮಾಡಿಕೊಂಡರೆಂದು ಬಲ್ಲವರು ಹೇಳುತ್ತಾರೆ. ಜಪಾನೀಯರು ಇಂದಿಗೂ ಗೋಧಿಯ ಉಬ್ಬುರೊಟ್ಟಿಗೆ ‘ಪಾನ್’ ಎನ್ನುವರು. ನಮ್ಮ ಬೆಳಗಾವಿಯವರು ‘ಪಾವ’ ಎನ್ನುವರು. ಎರಡೂ ಒಂದೇ ಪೋರ್ತುಗೀಜ ಶಬ್ದದ ಮಕ್ಕಳು. ಓಸಾಕಾ ಪಟ್ಟಣದ ಬೀದಿಗಳಲ್ಲಿ 1930ರ ದಶಕದಿಂದ ಮಾರುತ್ತ ಬಂದಿರುವ ‘ತಾಕೋಯಾಕಿ’ ಎಂಬ ಉಂಡೆಗಳನ್ನು ಬೇಯಿಸುವ ಗುಳಿಗಳ ಹಂಚನ್ನು ಕಂಡರೆ ನಮ್ಮ ಗೃಹಿಣಿಯರು ಅದನ್ನು ಪಡ್ಡಿನ ಹಂಚೆಂದೇ ಗುರುತಿಸುವರು. ಅದರೊಳಗಿನ ಹೂರಣ ಮಾತ್ರ ಕಡಲಿನ ಅಷ್ಟಪದಿಯ ತುಣುಕು. ಆದ್ದರಿಂದ ನಮ್ಮ ವಾಚಕರಲ್ಲಿ ಅನೇಕರಿಗೆ ಅದು ಒಗ್ಗಲಿಕ್ಕಿಲ್ಲ. ದೂರದೇಶದವರ ಬೀದಿತಿಂಡಿಯನ್ನು ವಿಚಿತ್ರವೆನ್ನುವ ಮೊದಲು ನಮ್ಮ ಭಜಿಯ ವಂಶಾವಳಿಯನ್ನು ನೋಡಿಕೊಳ್ಳುವುದು ಒಳ್ಳೆಯದು.

ಅದಂತಿರಲಿ. ಬೆಳಗಾವಿಗೆ ಹೋದವರು ಬೇರೆಲ್ಲವನ್ನು ಬಿಟ್ಟರೂ ಮಂಡಿಗೆಯನ್ನು ಬಿಡಬಾರದು.

‘ಮನಸ್ಸಿನಲ್ಲಿ ಮಂಡಿಗೆ ತಿನ್ನುವುದು’ ಎಂಬ ನುಡಿಯನ್ನು ಕನ್ನಡಿಗರೆಲ್ಲರೂ ಬಲ್ಲರು. ಮಂಡಿಗೆಯನ್ನು ಕಂಡವರು ಮಾತ್ರ ವಿರಳ. ಬಹುಕಾಲದಿಂದ ಅನೇಕ ಜಿಲ್ಲೆಗಳಲ್ಲಿ ಅದು ನುಡಿಯಲ್ಲಿಯೇ ಉಳಿದು ಒಲೆಯಿಂದ ಮರೆಯಾಗಿದೆ. ಭಕ್ಷ್ಯವಾದರೋ ಬಹಳ ಹಳೆಯದು. ಕಲ್ಯಾಣದ ಚಾಲುಕ್ಯ ಅರಸನಾದ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ಅಡಿಗೆಯ ಪ್ರಕರಣದಲ್ಲಿ ‘ಮಂಡಕ’ದ ವಿವರಣೆಯಿದೆ. ಎಂಟುನೂರಕ್ಕೂ ಮಿಕ್ಕ ವರ್ಷಗಳ ಹಿಂದಿನ ರಾಜಭೋಜನದ ಪದಾರ್ಥವೊಂದು ಬೆಳಗಾವಿಯ ಮದುವೆಯ ಪಂಕ್ತಿಯಲ್ಲಿ ಇಂದಿಗೂ ಬಡಿಸಲ್ಪಡುವುದು ಸಾಮಾನ್ಯ ಸಂಗತಿಯಲ್ಲ.

ಅದನ್ನು ಮಾಡುವ ರೀತಿಯನ್ನು ನಿಂತು ನೋಡತಕ್ಕದ್ದು. ಗೋಧಿಯ ನುಣುಪಾದ ಹಿಟ್ಟನ್ನು ಕಲಸಿ, ಚೆನ್ನಾಗಿ ನಾದಿ, ಎಳೆದರೆ ಹರಿಯದಷ್ಟು ಜಿಗುಟು ಬರುವವರೆಗೆ ನೆನೆಯಗೊಡುತ್ತಾರೆ. ಸಕ್ಕರೆಯ ಪುಡಿ, ತುಪ್ಪ, ಏಲಕ್ಕಿ, ಕೆಲವರು ಖವಾವನ್ನೂ ಸೇರಿಸಿ ಮಾಡಿದ ಹೂರಣವನ್ನು ಕಣಕದೊಳಗಿಟ್ಟು ಲಟ್ಟಿಸಿ, ಬಳಿಕ ಆ ಹಾಳೆಯನ್ನು ಎರಡೂ ಮುಂಗೈಗಳ ಮೇಲೆ ಹಾಯಿಸಿಕೊಂಡು ತಿರುಗಿಸುತ್ತ ತಿರುಗಿಸುತ್ತ ಹಿಗ್ಗಿಸುವರು. ನೋಡುತ್ತಿದ್ದಂತೆ ಅದು ಮೊರದಗಲವಾಗಿ, ಅರಿವೆಯಷ್ಟು ತೆಳುವಾಗುತ್ತದೆ. ಅಷ್ಟರಲ್ಲಿ ಉರಿಯ ಮೇಲೆ ಬೋರಲು ಹಾಕಿದ ಪಾತ್ರೆಯ ಬೆನ್ನು ಕಾದಿರಬೇಕು. ಅದರ ಮೇಲೆ ಹಾಳೆಯನ್ನು ಹೊದಿಸಿ, ಬೆಂದೊಡನೆ ತೆಗೆದು, ಬಿಸಿಯಿರುವಾಗಲೇ ಮಡಿಚಬೇಕು. ಆರಿತೆಂದರೆ ಗರಿಗರಿಯಾಗಿ, ಮಡಿಚಹೋದವರ ಕೈಯಲ್ಲಿ ಚೂರಾಗುತ್ತದೆ. ಉರಿ ಸ್ವಲ್ಪ ಹೆಚ್ಚಾದರೆ ಒಳಗಿನ ಸಕ್ಕರೆ ಕರಗಿ ಹೊತ್ತುತ್ತದೆ, ಕಡಿಮೆಯಾದರೆ ಹಾಳೆಯು ಹಸಿಯಾಗಿ ಉಳಿಯುತ್ತದೆ. ಎಲೆಗೆ ಬಿದ್ದ ಮಂಡಿಗೆಯನ್ನು ಮುರಿದು, ಬಿಸಿಹಾಲು ತುಪ್ಪಗಳನ್ನು ಹಾಕಿಕೊಂಡು ತಿನ್ನುವುದು ರೂಢಿ. ಹಾಗೆಯೇ ಒಣದಾಗಿ ತಿಂದರೂ ಕೊರತೆಯಿಲ್ಲ.

ಇದು ಪುಸ್ತಕವನ್ನೋದಿ ಬರುವ ವಿದ್ಯೆಯಲ್ಲ. ಅಕ್ಕನ ಮಗ್ಗುಲಲ್ಲಿ ನಿಂತು ತಂಗಿ, ಅತ್ತೆಯ ಮಗ್ಗುಲಲ್ಲಿ ನಿಂತು ಸೊಸೆ, ಹತ್ತಾರು ಹಾಳೆಗಳನ್ನು ಹರಿದುಕೊಂಡು ಕಲಿಯತಕ್ಕದ್ದು. ಇಡೀ ದಿವಸ ಬೆಂಕಿಯ ಮುಂದೆ ಮುಂಗೈಗಳನ್ನೊಡ್ಡಿ ನಿಲ್ಲುವ ಕೆಲಸಕ್ಕೆ ಈಗಿನ ಹುಡುಗಿಯರು ಮನಸ್ಸು ಮಾಡುವುದಿಲ್ಲವೆಂದರೆ ಅವರನ್ನು ದೂಷಿಸುವುದು ನ್ಯಾಯವಲ್ಲ. ಹತ್ತು ರೂಪಾಯಿಗಾಗಿ ಚೌಕಾಸಿ ಮಾಡುವ ನಾವು, ಕಲೆಯು ನಶಿಸುತ್ತಿದೆಯೆಂದು ಮರುದಿನ ಮರುಗುವುದರಲ್ಲಿ ಅರ್ಥವಿಲ್ಲ. ಮಂಡಿಗೆ ಉಳಿಯಬೇಕಾದರೆ ಮಂಡಿಗೆ ಮಾಡುವವರ ಮುಂಗೈಗೆ ತಕ್ಕ ಬೆಲೆ ಬರಬೇಕು.

ಇನ್ನು ಕುಂದಾ. ಬೆಳಗಾವಿಯ ಹೆಸರನ್ನು ಎತ್ತಿದೊಡನೆ ಮಕ್ಕಳ ಬಾಯಿಂದ ಹೊರಡುವ ಮಾತು ಇದೇ. ಮಾರವಾಡದ ಕಡೆಯಿಂದ ಬಂದ ಮಿಠಾಯಿಗಾರರೊಬ್ಬರು ಒಲೆಯ ಮೇಲಿನ ಹಾಲನ್ನು ಮರೆತು ಹೋಗಿ, ಹಿಂದಿರುಗಿ ನೋಡಲು ಅದು ಬತ್ತಿ ಗಟ್ಟಿಯಾಗಿತ್ತೆಂದೂ, ಅದರಿಂದಲೇ ಕುಂದಾ ಹುಟ್ಟಿತೆಂದೂ ಊರಿನಲ್ಲಿ ಒಂದು ಕಥೆಯುಂಟು. ಮರೆತ ಹಾಲು ತಳಹಿಡಿದು ಕಮರುವುದೇ ನಮ್ಮೆಲ್ಲರ ಅಡಿಗೆಮನೆಯ ಅನುಭವವಾದ್ದರಿಂದ, ಕಥೆಯಲ್ಲಿ ಸ್ವಲ್ಪ ಸಕ್ಕರೆ ಹೆಚ್ಚಾಗಿದೆಯೆಂದು ನಮಗೆ ತೋರುತ್ತದೆ. ಧಾರವಾಡದ ಪೇಢೆಯೂ ಉತ್ತರ ಹಿಂದುಸ್ಥಾನದಿಂದ ಬಂದ ಮನೆತನದವರು ಇಲ್ಲಿ ಬೇರೂರಿಸಿದ್ದೇ ಆಗಿರುವುದರಿಂದ, ಹೊರಗಿನಿಂದ ಬಂದವರ ಕೈಯೂ ಇಲ್ಲಿಯ ಹಾಲೂ ಕೂಡಿ ಈ ಭಾಗದ ಸಿಹಿಗಳು ಹುಟ್ಟಿದವೆಂಬುದನ್ನು ನಂಬಲಡ್ಡಿಯಿಲ್ಲ. ಹಾಲನ್ನು ಕುದಿಸಿ, ಸ್ವಲ್ಪ ಮೊಸರಿನಿಂದ ಅದನ್ನು ಹರಳುಹರಳಾಗುವಂತೆ ಒಡೆಯಿಸಿ, ಸಕ್ಕರೆ ಖವಾಗಳನ್ನು ಸೇರಿಸಿ, ಕಂದುಬಣ್ಣಕ್ಕೆ ತಿರುಗುವವರೆಗೆ ಬಿಡದೆ ಕೈಯಾಡಿಸುವುದರಲ್ಲಿ ಅದರ ಗುಟ್ಟೆಲ್ಲ ಅಡಗಿದೆ.

ಆ ಹಾಲು ಖವಾಗಳ ಜಾಡನ್ನು ಹಿಡಿದು ಹೊರಟರೆ ನಾವು ಖಾನಾಪುರವನ್ನು ಮುಟ್ಟುತ್ತೇವೆ. ಬೆಳಗಾವಿಯಿಂದ ಸುಮಾರು 25 ಕಿಲೋಮೀಟರ್. ಬಸ್ಸೂ ಉಂಟು, ಲೋಂಡೆಯ ಕಡೆಗೆ ಹೋಗುವ ರೈಲೂ ಉಂಟು. ಅಲ್ಲಿಂದ ಪಡುವಣಕ್ಕೆ ಜಾಂಬೋಟಿ, ಅದರಾಚೆ ಮಲಪ್ರಭೆಯು ಹುಟ್ಟುವ ಕಣಕುಂಬಿ. ಆಷಾಢ ಶ್ರಾವಣಗಳಲ್ಲಿ ಇಲ್ಲಿ ಸುರಿಯುವ ಮಳೆಯನ್ನು ಬಯಲುಸೀಮೆಯವರು ಕಂಡೇ ನಂಬಬೇಕು. ಈ ಕಾಡಿನ ಅಂಚಿನಲ್ಲಿ ಎಮ್ಮೆಗಳನ್ನು ಕಟ್ಟಿಕೊಂಡು ಬಾಳುವ ಗೌಳಿಗರ ವಸತಿಗಳಿವೆ. ದಾರಿಯು ದೂರ, ಹಳ್ಳಗಳು ಅಡ್ಡ. ಹಸಿಹಾಲು ಪೇಟೆಯನ್ನು ಮುಟ್ಟುವಷ್ಟರಲ್ಲಿ ಕೆಡುವುದು. ಆದ್ದರಿಂದ ಇಂಥ ಎಡೆಗಳಲ್ಲಿ ಹಾಲನ್ನು ಅಲ್ಲಿಯೇ ಕಾಸಿ, ನೀರನ್ನೆಲ್ಲ ಹಾರಿಸಿ, ಖವಾ ಮಾಡಿ ಕಳುಹಿಸುವುದೇ ಲಾಭದ ದಾರಿ. ಒಂದು ಕಿಲೋ ಖವಾಕ್ಕೆ ಹೆಚ್ಚುಕಡಿಮೆ ಐದು ಲೀಟರ್ ಹಾಲು ಬೇಕು; ಉರಿಯ ಮುಂದೆ ಬಿಡದೆ ತಿರುವುವ ಒಬ್ಬರ ತೋಳೂ ಬೇಕು. ಪೇಟೆಯ ಗಾಜಿನ ಕಪಾಟಿನಲ್ಲಿ ಹೊಳೆಯುವ ಕುಂದಾದ ಹಿಂದೆ ಹೀಗೆ ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುವವರ ದುಡಿಮೆಯಿರುತ್ತದೆ. ಪೆಟ್ಟಿಗೆಯ ಮೇಲೆ ಅವರ ಹೆಸರು ಇರುವುದಿಲ್ಲ.

2011ರಲ್ಲಿ ಈ ತಾಲೂಕಿನ ಕಾಡಿನ ಒಂದು ಭಾಗವು ಭೀಮಗಡ ವನ್ಯಜೀವಿಧಾಮವೆಂದು ಘೋಷಿತವಾಯಿತು. ಹುಲಿಗೂ ಕಾಡಿಗೂ ರಕ್ಷಣೆ ಬೇಕೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಮಲಪ್ರಭೆಯ ನೀರನ್ನೇ ಕುಡಿಯುವ ಹುಬ್ಬಳ್ಳಿ ಧಾರವಾಡದವರಿಗಂತೂ ಇರಕೂಡದು. ಆದರೆ ಮೇವಿನ ನೆಲವು ಕುಗ್ಗಿದಂತೆ ಎಮ್ಮೆಗಳೂ ಕುಗ್ಗುವುವು. ಶಾಲೆ ಆಸ್ಪತ್ರೆಗಳಿಲ್ಲದೆ ಬೇಸತ್ತ ಕಾಡಿನೊಳಗಿನ ಸಂಸಾರಗಳು ಹೊರಗೆ ಬಂದು ನೆಲೆಸುವುದಾದರೆ ಅವರ ಪಾಲಿಗೆ ಅದು ಹಿತವೇ ಆಗಬಹುದು. ಅವರ ಹಾಲು ಆಮೇಲೆ ಯಾವ ಒಲೆಯ ಮೇಲೆ ಕಾಯುವುದೆಂಬ ಪ್ರಶ್ನೆಯು ಮಾತ್ರ ಉಳಿಯುತ್ತದೆ. ಕುಂದಾದ ಅಂಗಡಿಗೆ ಖವಾ ಎಲ್ಲಿಂದಾದರೂ ಬಂದೀತು. ಗೌಳಿಗರ ಮನೆಗೆ ಮತ್ತೊಂದು ಕಸಬು ಅಷ್ಟು ಸುಲಭವಾಗಿ ಬಾರದು.

ಖಾನಾಪುರದಲ್ಲಿ ಊಟಕ್ಕೆ ಕುಳಿತರೆ ನೆಲವು ಬದಲಾದದ್ದು ಮೊದಲ ತುತ್ತಿನಲ್ಲಿಯೇ ತಿಳಿಯುತ್ತದೆ. ಜೋಳವು ಹಿಂದೆ ಸರಿದು ಅಕ್ಕಿಯು ಮುಂದೆ ಬರುತ್ತದೆ. ಮುಂಜಾನೆಯ ಆಂಬೋಳಿಯು ನಮ್ಮ ದೋಸೆಯ ಅಕ್ಕನೆನ್ನಬಹುದು. ದಪ್ಪ, ಮೆತ್ತಗೆ, ಮೇಲೆಲ್ಲ ಜೇನುಗೂಡಿನಂಥ ರಂಧ್ರಗಳು. ಮಧ್ಯಾಹ್ನ ಅಕ್ಕಿಯ ಭಾಕರಿ, ತೆಂಗಿನಕಾಯಿ ಅರೆದ ಪಲ್ಯ, ಕೊನೆಯಲ್ಲಿ ಕೋಕಮದ ಕೆಂಪು ಸಾರು. ಮಾಂಸಾಹಾರಿಗಳಿಗೆ ಘಟ್ಟದ ಕೆಳಗಿನಿಂದ ಬಂದ ಮೀನೂ ಉಂಟು. ಮಳೆಗಾಲದಲ್ಲಿ ಹುತ್ತದ ಬದಿಯಲ್ಲಿ ಏಳುವ ಅಣಬೆಗಳು ಕೆಲವೇ ದಿವಸ ಪೇಟೆಗೆ ಬರುತ್ತವೆ. ಬಲ್ಲವರು ಕಿತ್ತು ತಂದದ್ದಲ್ಲದೆ ಬೇರೆ ಕಾಡಣಬೆಯನ್ನು ಪ್ರವಾಸಿಗರು ಮುಟ್ಟಲೇಬಾರದು. ವಿಷದ ಅಣಬೆಯೂ ನೋಡಲು ಅಷ್ಟೇ ಚೆಲುವಾಗಿರುತ್ತದೆ. ನವರಾತ್ರಿಯ ಉಪವಾಸದ ಹೊತ್ತಿಗೆ ಈ ಸೀಮೆಯ ಗೆಣಸು ಮೂಟೆಮೂಟೆಯಾಗಿ ಬೆಳಗಾವಿಯ ಪೇಟೆಯನ್ನು ತುಂಬುತ್ತದೆ. ಕೆಂಡದಲ್ಲಿ ಸುಟ್ಟ ಗೆಣಸಿಗೆ ತುಪ್ಪ ಹಚ್ಚಿಕೊಂಡು ತಿಂದವರು ಉಪವಾಸಕ್ಕೆ ಅಂಜಬೇಕಾದ್ದಿಲ್ಲ. ಊರಿನ ಮಣ್ಣು ಕುಂಬಾರಿಕೆಗೂ ಹಂಚಿಗೂ ಹೆಸರಾದದ್ದು. ಒಂದು ಮೊಸರಿನ ಗಡಿಗೆಯನ್ನು ಕೊಂಡು ತಂದರೆ ಮನೆಯಲ್ಲಿ ಬೇಸಿಗೆಗೆ ಉಪಯೋಗವಾಗುವುದು.

ಈ ಸೀಮೆಯ ಪ್ರವಾಸವೆಂದೊಡನೆ ಕೆಲವರ ಮನಸ್ಸಿನಲ್ಲಿ ಭಾಷೆಯ ಅಳುಕು ಏಳುತ್ತದೆ. 1956ರಲ್ಲಿ ಮುಂಬಯಿ ಪ್ರಾಂತದಿಂದ ಈ ಜಿಲ್ಲೆಯು ಅಂದಿನ ಮೈಸೂರು ರಾಜ್ಯಕ್ಕೆ ಸೇರಿದಂದಿನಿಂದ ನಡೆದ ವಾದವು 1967ರಲ್ಲಿ ಮಹಾಜನ ಆಯೋಗದ ವರದಿಯಾದ ಮೇಲೂ ನಿಲ್ಲದೆ, 2004ರಲ್ಲಿ ಸರ್ವೋಚ್ಚ ನ್ಯಾಯಾಲಯವನ್ನೇರಿತು. ನಮ್ಮ ನಿಲುವು ಏನೆಂಬುದು ವಾಚಕರಿಗೆ ತಿಳಿದೇ ಇದೆ. ಆದರೆ ಕನ್ನಡಿಗರ ಮಂಡಿಗೆಯೂ ಮರಾಠಿಗರ ಮಾಂಡೆಯೂ ಒಂದೇ ಒಲೆಯಿಂದ ಇಳಿಯುತ್ತವೆ. ಮನಸ್ಸಿನಲ್ಲಿ ಮಂಡಿಗೆ ತಿನ್ನುವ ನುಡಿಯು ಅವರ ಭಾಷೆಯಲ್ಲಿಯೂ ಇದೆ. ಖಾನಾವಳಿಯಲ್ಲಿ ಕನ್ನಡದಲ್ಲಿ ರೊಟ್ಟಿಯನ್ನು ಬೇಡಿದರೆ ರೊಟ್ಟಿ ಬರುತ್ತದೆ, ಮರಾಠಿಯಲ್ಲಿ ಭಾಕರಿಯನ್ನು ಬೇಡಿದರೂ ಅದೇ ಬರುತ್ತದೆ. ಮಕ್ಕಳಿಗೆ ಎರಡು ಹೆಸರುಗಳನ್ನೂ ಕಲಿಸಿ ಕರೆದುಕೊಂಡು ಹೋಗುವುದರಿಂದ ಕನ್ನಡಕ್ಕೆ ಯಾವ ಹಾನಿಯೂ ಆಗದು.

ಕೊನೆಗೆ ಗೃಹಿಣಿಯರಿಗಾಗಿ ಒಂದೆರಡು ವ್ಯವಹಾರದ ಮಾತು. ಬೀದಿಯಲ್ಲಿ ತಿನ್ನುವುದಾದರೆ ಕಣ್ಣೆದುರಿಗೆ ಕುದಿಯುವ, ಕರಿಯುವ, ಬೇಯುವ ಪದಾರ್ಥವನ್ನೇ ಆರಿಸಬೇಕು. ಮಳೆಗಾಲದಲ್ಲಿ ಹೆಚ್ಚಿಟ್ಟ ಹಣ್ಣು, ಹಸಿ ಚಟ್ನಿ, ಕಾಸದ ನೀರು ಇವುಗಳನ್ನು ದೂರವಿಡಬೇಕು. ಎಳೆಯ ಮಕ್ಕಳಿಗೆ ಮೊದಲ ದಿವಸ ಹೊಸ ಪದಾರ್ಥವು ಒಂದೇ ಸಾಕು. ಖವಾದ ಸಿಹಿಯು ಬೇಗನೆ ಕೆಡುವುದರಿಂದ ಕುಂದಾವನ್ನು ಊರು ಬಿಡುವ ದಿವಸವೇ ಕೊಂಡು, ಎರಡು ಮೂರು ದಿನಗಳಲ್ಲಿ ಹಂಚಿ ಮುಗಿಸುವುದು ಲೇಸು. ಅಗ್ಗವೆಂದು ಐದು ಕಿಲೋ ಹೊತ್ತು ತಂದು ಹುಳಿಯಾದ ಮೇಲೆ ಊರನ್ನು ಹಳಿಯಬಾರದು. ಮಂಡಿಗೆಯು ಅದಕ್ಕಿಂತ ಹೆಚ್ಚು ದಿವಸ ತಾಳುತ್ತದೆ, ಆದರೆ ಪೆಟ್ಟನ್ನು ತಾಳದು. ಅದನ್ನು ಅಗಲವಾದ ಡಬ್ಬಿಯಲ್ಲಿ ಮಲಗಿಸಿ, ಸಾಮಾನಿನ ತುದಿಯಲ್ಲಿಟ್ಟು, ಸಾಧ್ಯವಾದರೆ ತೊಡೆಯ ಮೇಲಿಟ್ಟುಕೊಂಡು ಬರಬೇಕು. ಇಷ್ಟಾದರೂ ಒಂದೆರಡು ಮುರಿದೇ ಮುರಿಯುತ್ತವೆ. ಆ ಚೂರುಗಳನ್ನು ಬಿಸಿಹಾಲಿನಲ್ಲಿ ಹಾಕಿ ಮನೆಯ ಹಿರಿಯರಿಗೆ ಕೊಟ್ಟರೆ ಹಲ್ಲಿಲ್ಲದವರೂ ಸವಿಯಬಹುದು.