ಕೇಳಲಿಲ್ಲವೋ, ಕೇಳಿಸಲಿಲ್ಲವೋ?

ಈ ವಾರ ತಾಯಿಯೊಬ್ಬರ ಪತ್ರದಿಂದ ಆರಂಭಿಸೋಣ. ಊರು, ಹೆಸರು ಪ್ರಕಟಿಸಬಾರದೆಂದು ಅವರು ಕೇಳಿಕೊಂಡಿದ್ದಾರೆ. ಮಗಳು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಒಳ್ಳೆಯ ಅಂಕ ಪಡೆದು, ಪಟ್ಟಣದ ಕಾಲೇಜೊಂದರಲ್ಲಿ ಪಿಯುಸಿ ವಿಜ್ಞಾನಕ್ಕೆ ಸೇರಿದ್ದಾಳೆ. ಒಂದು ದಿನ ಮಳೆ ಜೋರಾಗಿ ಸುರಿಯುತ್ತಿತ್ತು. ಹಿಂದಿನ ಬೆಂಚಿನಲ್ಲಿದ್ದ ಇವಳನ್ನು ಅಧ್ಯಾಪಕರು ಏನೋ ಪ್ರಶ್ನೆ ಕೇಳಿದರು. ತಗಡಿನ ಸೂರಿನ ಸದ್ದಿನಲ್ಲಿ ಇವಳಿಗೆ ಅದು ಕೇಳಿಸಲಿಲ್ಲ. ಉತ್ತರ ಯಾಕೆ ಕೊಡುತ್ತಿಲ್ಲ ಎಂದು ಗದರಿಸಿದಾಗ ಎದ್ದು ನಿಂತು, ತನಗೆ ತಿಳಿದ ಇಂಗ್ಲಿಷಿನಲ್ಲಿ, ‘ಸಾರಿ ಸರ್, ಐ ಡಿಡ್ ನಾಟ್ ಲಿಸನ್’ ಎಂದಳು. ಅಧ್ಯಾಪಕರಿಗೆ ಸಿಟ್ಟು ಬಂತು. ಹಾಗಾದರೆ ಕ್ಲಾಸಿಗೆ ಬಂದದ್ದಾದರೂ ಯಾಕೆ ಎಂದು ಹೊರಗೆ ಕಳಿಸಿದರು. ಕ್ಲಾಸಿಗೆ ಕ್ಲಾಸೇ ನಕ್ಕಿತು. ಅಂದಿನಿಂದ ಹುಡುಗಿ ತರಗತಿಯಲ್ಲಿ ಬಾಯಿ ಬಿಡುತ್ತಿಲ್ಲ. ಸೈನ್ಸೇ ಬೇಡ, ಊರಿಗೆ ಬಂದುಬಿಡುತ್ತೇನೆ ಎನ್ನುತ್ತಿದ್ದಾಳೆ.

ತಾಯಿ ಕೊನೆಗೆ ಬರೆಯುತ್ತಾರೆ: ‘ಅವಳು ದಿನಕ್ಕೆ ಹತ್ತು ಇಂಗ್ಲಿಷ್ ಪದ ಬಾಯಿಪಾಠ ಮಾಡುತ್ತಾಳೆ. ಮನೆಯಲ್ಲಿರುವ ಸಣ್ಣ ನಿಘಂಟು ತೆಗೆದು ನೋಡಿದೆ. ಹಿಯರ್ ಎಂದರೂ ಕೇಳು, ಲಿಸನ್ ಎಂದರೂ ಕೇಳು ಎಂದೇ ಇದೆ. ಹಾಗಿದ್ದ ಮೇಲೆ ನನ್ನ ಮಗಳ ತಪ್ಪೇನು? ದಿನಕ್ಕೆ ಹತ್ತು ಪದ ಸಾಲದೇ? ಇಪ್ಪತ್ತು ಕಲಿಯಲು ಹೇಳಲೇ?’

ಅಮ್ಮಾ, ಮೊದಲಿಗೆ ಒಂದು ಮಾತು. ನಿಮ್ಮ ಮಗಳು ಓದದೆ ಮಾಡಿದ ತಪ್ಪಲ್ಲ ಇದು. ಪದದ ಅರ್ಥ ಕಲಿತಿದ್ದಾಳೆ, ಅದರ ಬಳಕೆ ಕಲಿತಿಲ್ಲ, ಅಷ್ಟೇ. ಇನ್ನೊಂದು ಸಂತೋಷದ ಸಂಗತಿ ಇದೆ. ಈ ಎರಡು ಪದಗಳ ವ್ಯತ್ಯಾಸ ಅವಳಿಗೆ ಹುಟ್ಟಿನಿಂದಲೇ ಗೊತ್ತಿದೆ! ಅವಳು ಆಡುವ ಕನ್ನಡದಲ್ಲಿಯೇ ಅದು ಇದೆ.

‘ಕೇಳಲಿಲ್ಲ’ ಎನ್ನುವುದಕ್ಕೂ ‘ಕೇಳಿಸಲಿಲ್ಲ’ ಎನ್ನುವುದಕ್ಕೂ ವ್ಯತ್ಯಾಸವಿಲ್ಲವೇ? ‘ನೀವು ಹೇಳಿದ್ದು ಕೇಳಿಸಲಿಲ್ಲ’ ಎಂದರೆ ಸದ್ದು ನನ್ನ ಕಿವಿಯವರೆಗೆ ಬರಲಿಲ್ಲ ಎಂದರ್ಥ. ಇದರಲ್ಲಿ ನನ್ನ ತಪ್ಪಿಲ್ಲ. ‘ನೀವು ಹೇಳಿದ್ದನ್ನು ಕೇಳಲಿಲ್ಲ’ ಎಂದರೆ ನಾನೇ ಗಮನ ಕೊಡಲಿಲ್ಲ. ಕಿವಿಗೆ ಬೀಳುವುದು ಬೇರೆ, ಕಿವಿಗೊಡುವುದು ಬೇರೆ. ಕಿವಿಗೆ ಬೀಳುವುದು ಹಿಯರ್. ಕಿವಿಗೊಡುವುದು, ಆಲಿಸುವುದು ಲಿಸನ್. ಹುಡುಗಿ ಹೇಳಬೇಕೆಂದಿದ್ದುದು ‘ಕೇಳಿಸಲಿಲ್ಲ ಸರ್’ ಎಂದು. ಬಾಯಿಂದ ಬಂದದ್ದು ‘ನಾನು ಗಮನ ಕೊಡಲಿಲ್ಲ ಸರ್’ ಎಂದು. ಒಂದು ಪದ ಅದಲುಬದಲಾಗಿ ವಿನಯದ ಮಾತು ಉದ್ಧಟತನದ ಮಾತಾಯಿತು.

ನಿಜವಾಗಿ ಅವಳ ಪರಿಸ್ಥಿತಿಯನ್ನು ಹೇಳುವ ವಾಕ್ಯ ಇದು: ‘ಐ ಲಿಸನ್ಡ್, ಬಟ್ ಐ ಕುಡ್ ನಾಟ್ ಹಿಯರ್.’ ಕಿವಿಗೊಟ್ಟೆ, ಆದರೆ ಕೇಳಿಸಲಿಲ್ಲ. ಈ ಒಂದು ವಾಕ್ಯ ನೆನಪಿಟ್ಟುಕೊಂಡರೆ ಎರಡು ಪದಗಳೂ ಮುಂದೆಂದೂ ಬೆರೆತುಹೋಗುವುದಿಲ್ಲ.

ಇನ್ನೂ ಒಂದು ಗುರುತು ಇದೆ. ಹಿಯರ್ ಪದದ ಕಾಗುಣಿತ ಬರೆದು ಮೊದಲ ಅಕ್ಷರವನ್ನು ಬೆರಳಿನಿಂದ ಮುಚ್ಚಿ. ಉಳಿಯುವುದು ‘ಇಯರ್’, ಅಂದರೆ ಕಿವಿ. ‘ಇಲ್ಲಿ’ ಎಂಬ ಅರ್ಥದ ಹಿಯರ್ ಪದವನ್ನೂ ಇದನ್ನೂ ಒಂದೇ ರೀತಿ ಉಚ್ಚರಿಸುತ್ತೇವೆ, ಆದರೆ ಕಾಗುಣಿತ ಬೇರೆ. ಕಿವಿ ಇರುವುದು ಕೇಳಿಸುವ ಹಿಯರ್‌ನಲ್ಲಿ ಮಾತ್ರ. ಲಿಸನ್ ಪದದ ನಡುವೆ ‘ಟಿ’ ಅಕ್ಷರ ಇದೆ. ಬರೆಯುವಾಗ ಬಿಡಬೇಡಿ, ಓದುವಾಗ ಉಚ್ಚರಿಸಬೇಡಿ.

ಬಳಕೆಯಲ್ಲಿಯೂ ಎರಡರ ನಡೆ ಬೇರೆ. ಲಿಸನ್ ಮುಂದೆ ಏನನ್ನು ಕೇಳುತ್ತೇವೆಂದು ಹೇಳುವಾಗ ‘ಟು’ ಬರಲೇಬೇಕು: ‘ಐ ಲಿಸನ್ ಟು ದ ರೇಡಿಯೋ.’ ಹಿಯರ್‌ಗೆ ಅದು ಬೇಡ: ‘ಐ ಹರ್ಡ್ ಎ ಸೌಂಡ್.’ ಈಗ ಸದ್ದು ಕೇಳಿಸುತ್ತಿದೆ ಎನ್ನಲು ಸಾಮಾನ್ಯವಾಗಿ ‘ಐ ಆಮ್ ಹಿಯರಿಂಗ್’ ಎನ್ನುವುದಿಲ್ಲ, ‘ಐ ಕ್ಯಾನ್ ಹಿಯರ್’ ಎನ್ನುತ್ತಾರೆ. ಫೋನಿನಲ್ಲಿ ದಿನಕ್ಕೆ ಹತ್ತು ಸಲ ನಾವು ಹೇಳುವ ‘ಹಲೋ, ಕೇಳಿಸ್ತಾ ಇದೆಯಾ?’ ಎಂಬುದಕ್ಕೆ ‘ಕ್ಯಾನ್ ಯು ಹಿಯರ್ ಮಿ?’ ಎಂಬುದೇ ಸರಿಯಾದ ಇಂಗ್ಲಿಷ್.

ಕನ್ನಡದ ‘ಕೇಳು’ ಇಷ್ಟಕ್ಕೇ ನಿಲ್ಲುವುದಿಲ್ಲ. ಪ್ರಶ್ನೆ ಕೇಳುತ್ತೇವೆ, ಸಾಲ ಕೇಳುತ್ತೇವೆ, ಕ್ಷಮೆ ಕೇಳುತ್ತೇವೆ. ಇಲ್ಲೆಲ್ಲ ಇಂಗ್ಲಿಷಿನಲ್ಲಿ ‘ಆಸ್ಕ್’ ಬರುತ್ತದೆ. ಆದರೆ ವಿಷಯ ಕೇಳಿದರೆ ಬರಿಯ ಆಸ್ಕ್, ವಸ್ತು ಅಥವಾ ನೆರವು ಕೇಳಿದರೆ ‘ಆಸ್ಕ್ ಫಾರ್’. ‘ಹಿ ಆಸ್ಕ್ಡ್ ಮಿ ಎ ಕ್ವೆಶ್ಚನ್’ ಎಂದರೆ ಪ್ರಶ್ನೆ ಕೇಳಿದ. ‘ಹಿ ಆಸ್ಕ್ಡ್ ಮಿ ಫಾರ್ ಎ ಪೆನ್’ ಎಂದರೆ ಪೆನ್ನು ಕೊಡೆಂದು ಕೇಳಿದ. ‘ಆಸ್ಕ್ ಟು ಮಿ’ ಎಂಬುದು ನಮ್ಮ ಮಕ್ಕಳು ಪದೇ ಪದೇ ಮಾಡುವ ತಪ್ಪು. ಲಿಸನ್‌ಗೆ ಬೇಕಾದ ಟು ಆಸ್ಕ್‌ಗೆ ಬೇಡ. ಹಾಗೆಯೇ ನಮ್ಮ ತರಗತಿಗಳಲ್ಲಿ ‘ಡೌಟ್ ಕೇಳುವುದು’ ವಾಡಿಕೆ. ಇಂಗ್ಲಿಷಿನ ಡೌಟ್ ಪದದಲ್ಲಿ ನಂಬಿಕೆ ಇಲ್ಲದಿರುವ ಛಾಯೆ ಇದೆ. ತಿಳಿಯದ್ದನ್ನು ತಿಳಿಯಲು ಕೇಳುವಾಗ ‘ಐ ಹ್ಯಾವ್ ಎ ಕ್ವೆಶ್ಚನ್’ ಎನ್ನುವುದು ಎಲ್ಲೆಡೆಯೂ ಸಲ್ಲುವ ಮಾತು.

ಹಿಯರ್ ಜೊತೆ ಸಣ್ಣ ಪದವೊಂದು ಸೇರಿದರೂ ಅರ್ಥ ಬದಲಾಗುತ್ತದೆ. ‘ಹಿಯರ್ ಆಫ್’ ಎಂದರೆ ಒಬ್ಬರ ಅಥವಾ ಒಂದರ ಹೆಸರು ಕೇಳಿ ತಿಳಿದಿರುವುದು. ‘ಹಿಯರ್ ಫ್ರಮ್’ ಎಂದರೆ ಅವರಿಂದ ಪತ್ರ, ಫೋನು, ಸುದ್ದಿ ಬರುವುದು. ಅರ್ಜಿಯ ಕೊನೆಯಲ್ಲಿ ‘ಐ ಲುಕ್ ಫಾರ್ವರ್ಡ್ ಟು ಹಿಯರಿಂಗ್ ಫ್ರಮ್ ಯು’ ಎಂದು ಬರೆಯುವುದು ಇದೇ ಅರ್ಥದಲ್ಲಿ. ಕೋರ್ಟಿನ ‘ಹಿಯರಿಂಗ್’ ಅಂತೂ ನಮ್ಮ ಹಳ್ಳಿಗಳಲ್ಲೂ ಪರಿಚಿತ. ಎರಡೂ ಕಡೆಯವರ ಅಹವಾಲು ನ್ಯಾಯಾಧೀಶರ ಕಿವಿಗೆ ಬೀಳುವ ದಿನ ಅದು.

ಕಿವಿಗೆ ಇದ್ದ ನಿಯಮವೇ ಕಣ್ಣಿಗೂ ಇದೆ. ಕಾಣಿಸುವುದು ‘ಸೀ’, ಬೇಕೆಂದು ನೋಡುವುದು ‘ಲುಕ್ ಆಟ್’, ನಡೆಯುತ್ತಿರುವುದನ್ನು ಸ್ವಲ್ಪ ಹೊತ್ತು ಗಮನವಿಟ್ಟು ನೋಡುವುದು ‘ವಾಚ್’. ಬೋರ್ಡು ಕಾಣಿಸದಿದ್ದರೆ ‘ಐ ಕಾಂಟ್ ಸೀ ದ ಬೋರ್ಡ್’. ಚಿತ್ರ ನೋಡು ಎನ್ನಲು ‘ಲುಕ್ ಆಟ್ ದ ಪಿಕ್ಚರ್’. ಟಿವಿಯಲ್ಲಿ ಕ್ರಿಕೆಟ್ ನೋಡುವುದಾದರೆ ವಾಚ್. ಡಾಕ್ಟರನ್ನು ಮಾತ್ರ ‘ಸೀ’ ಮಾಡಬೇಕು. ‘ಯು ಶುಡ್ ಸೀ ಎ ಡಾಕ್ಟರ್’ ಎಂದರೆ ಡಾಕ್ಟರಿಗೆ ತೋರಿಸಿಕೊಳ್ಳಿ ಎಂದರ್ಥ.

ಈಗ ತಾಯಿಯ ಎರಡನೆಯ ಪ್ರಶ್ನೆ: ದಿನಕ್ಕೆ ಹತ್ತೋ, ಇಪ್ಪತ್ತೋ?

ಮೈಕೆಲ್ ವೆಸ್ಟ್ ಎಂಬ ಶಿಕ್ಷಣತಜ್ಞರು ಬ್ರಿಟಿಷರ ಕಾಲದಲ್ಲಿ ಢಾಕಾದ ಶಿಕ್ಷಕರ ತರಬೇತಿ ಕಾಲೇಜಿನಲ್ಲಿದ್ದರು. ಬಂಗಾಳಿ ಮಕ್ಕಳು ಇಂಗ್ಲಿಷ್ ಕಲಿಯಲು ಪಡುವ ಪಾಡನ್ನು ಹತ್ತಿರದಿಂದ ಕಂಡವರು. ಮುಂದೆ 1935ರಲ್ಲಿ ಅವರು ಜೇಮ್ಸ್ ಎಂಡಿಕಾಟ್ ಜೊತೆ ಸೇರಿ, ಇಂಗ್ಲಿಷ್ ಕಲಿಯುವ ಪರಭಾಷಿಕರಿಗಾಗಿ ಒಂದು ನಿಘಂಟು ತಂದರು. ಅದರಲ್ಲಿ ಸುಮಾರು 24,000 ಪದ, ಪದಪುಂಜಗಳಿಗೆ ಅರ್ಥ ಕೊಡಲು ಅವರು ಬಳಸಿದ್ದು ಕೇವಲ 1,490 ಪದಗಳನ್ನು! 1953ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ ಕಲಿಯುವವರಿಗೆ ಅತ್ಯಗತ್ಯವಾದ ಸುಮಾರು 2,000 ಪದಗಳನ್ನು ಅರ್ಥ, ಬಳಕೆ ಸಹಿತ ಆರಿಸಿಕೊಟ್ಟರು. ಇದರಿಂದ ನಾವು ತಿಳಿಯಬೇಕಾದದ್ದು ಇಷ್ಟೆ: ಹತ್ತು ಸಾವಿರ ಪದ ಬಾಯಿಪಾಠ ಮಾಡುವುದಕ್ಕಿಂತ, ಹಿಯರ್, ಲಿಸನ್, ಆಸ್ಕ್, ಸೀ, ಟೇಕ್, ಗಿವ್‌ನಂಥ ನಿತ್ಯದ ಪದಗಳು ಕೈವಶವಾಗುವುದು ಮುಖ್ಯ.

ಆದ್ದರಿಂದ ಅಮ್ಮಾ, ಇಪ್ಪತ್ತು ಬೇಡ, ಹತ್ತೂ ಬೇಡ. ದಿನಕ್ಕೆ ಮೂರು ಪದ ಸಾಕು. ಒಂದು ನೂರು ಪುಟದ ನೋಟ್‌ಬುಕ್ ಕೊಡಿಸಿ. ಪ್ರತಿ ಪದಕ್ಕೂ ನಾಲ್ಕು ಸಾಲು ಬರೆಯಲಿ. ಮೊದಲ ಸಾಲಿನಲ್ಲಿ ಪದ ಮತ್ತು ಕನ್ನಡದ ಅರ್ಥ. ಎರಡನೆಯದರಲ್ಲಿ ಅದರ ಜೊತೆಗೆ ಬರುವ ಪದ, ಅಂದರೆ ಲಿಸನ್ ಆದರೆ ಟು, ಆಸ್ಕ್ ಆದರೆ ಫಾರ್. ಮೂರನೆಯದರಲ್ಲಿ ನಿಘಂಟಿನಿಂದ ಒಂದು ವಾಕ್ಯ. ನಾಲ್ಕನೆಯದರಲ್ಲಿ ತನ್ನ ಮನೆ, ತನ್ನ ಕಾಲೇಜಿನ ಬಗ್ಗೆ ಒಂದು ಸ್ವಂತ ವಾಕ್ಯ. ಭಾನುವಾರ ಹೊಸ ಪದ ಬೇಡ. ವಾರದ ಹದಿನೆಂಟು ಪದಗಳನ್ನು ತಿರುಗಿಸಿ ನೋಡಲಿ. ನಿಮಗೆ ಇಂಗ್ಲಿಷ್ ಬಾರದಿದ್ದರೂ ಅಡ್ಡಿಯಿಲ್ಲ. ಕನ್ನಡದ ಅರ್ಥ ನೀವು ಓದಿ, ಇಂಗ್ಲಿಷ್ ವಾಕ್ಯ ಅವಳು ಹೇಳಲಿ.

ನಿಘಂಟು ಕೊಳ್ಳುವಾಗ ವಾಕ್ಯಗಳ ಉದಾಹರಣೆ ಇರುವುದನ್ನೇ ಕೊಳ್ಳಿ. ಎ. ಎಸ್. ಹಾರ್ನ್‌ಬಿ ಎಂಬ ಇಂಗ್ಲಿಷ್ ಮೇಷ್ಟರು ಜಪಾನಿನ ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತ ಸಿದ್ಧಪಡಿಸಿದ ನಿಘಂಟು 1942ರಲ್ಲಿ ಆ ದೇಶದಲ್ಲಿ ಅಚ್ಚಾಯಿತು. 1948ರಲ್ಲಿ ಆಕ್ಸ್‌ಫರ್ಡ್ ಪ್ರಕಟಿಸಿದ ಮೇಲೆ ಲೋಕವಿಖ್ಯಾತವಾಯಿತು. ಇಂಗ್ಲಿಷ್ ಮನೆಮಾತಲ್ಲದವರಿಗಾಗಿಯೇ ಮಾಡಿದ ಇಂಥ ನಿಘಂಟುಗಳು ಅರ್ಥದ ಜೊತೆ ಬಳಕೆಯನ್ನೂ ಕಲಿಸುತ್ತವೆ. ಹೊಸದಕ್ಕೆ ಹಣವಿಲ್ಲದಿದ್ದರೆ ಕಾಲೇಜಿನ ಲೈಬ್ರರಿಯಲ್ಲಿ ಕೇಳಿ ನೋಡಲಿ. ಇಲ್ಲಿ ‘ಆಸ್ಕ್ ಫಾರ್’ ಬರುತ್ತದೆ ಎಂಬುದು ಈಗ ಅವಳಿಗೆ ಗೊತ್ತು.

ಇನ್ನು ಆ ಹುಡುಗಿಗೆ ನೇರವಾಗಿ ಒಂದು ಮಾತು. ಮಗೂ, ನಾಳೆ ಕ್ಲಾಸಿಗೆ ಹೋಗು. ಮುಂದಿನ ಬೆಂಚಿನಲ್ಲಿ ಕುಳಿತುಕೋ. ಮತ್ತೆ ಕೇಳಿಸದಿದ್ದರೆ ಹೀಗೆ ಹೇಳು: ‘ಸಾರಿ ಸರ್, ಐ ಕುಡ್ ನಾಟ್ ಹಿಯರ್ ದ ಕ್ವೆಶ್ಚನ್. ವುಡ್ ಯು ಪ್ಲೀಸ್ ರಿಪೀಟ್ ಇಟ್?’ ಕನ್ನಡಿಯ ಮುಂದೆ ನಿಂತು ಹತ್ತು ಸಲ ಹೇಳಿಕೋ. ನಕ್ಕವರಲ್ಲಿ ಎಷ್ಟು ಮಂದಿಗೆ ಈ ವಾಕ್ಯ ಗೊತ್ತಿತ್ತು ಎಂದು ಯೋಚಿಸು, ಭಯ ಅರ್ಧ ಇಳಿಯುತ್ತದೆ.

ಅಧ್ಯಾಪಕ ಮಿತ್ರರಿಗೂ ಒಂದು ವಿನಂತಿ. ಹಳ್ಳಿಯಿಂದ ಬಂದ ಮಗು ತಪ್ಪು ಇಂಗ್ಲಿಷ್ ಆಡಿದಾಗ, ಅದು ಏನು ಹೇಳಲು ಹೊರಟಿದೆ ಎಂಬುದಕ್ಕೆ ಒಂದು ಕ್ಷಣ ಕಿವಿಗೊಡಿ. ಅಂದು ಆ ತರಗತಿಯಲ್ಲಿ ಹುಡುಗಿಯ ಮಾತು ಎಲ್ಲರಿಗೂ ಕೇಳಿಸಿತು. ಕೇಳಿದವರು ಯಾರೂ ಇರಲಿಲ್ಲ.

ಈ ವಾರದ ಅಭ್ಯಾಸ: ಕೆಳಗಿನ ವಾಕ್ಯಗಳನ್ನು ಇಂಗ್ಲಿಷಿನಲ್ಲಿ ಬರೆಯಿರಿ. ಬರೆದ ಮೇಲಷ್ಟೇ ಉತ್ತರ ನೋಡಿ.

1. ಅಜ್ಜಿ ರಾತ್ರಿ ರೇಡಿಯೋ ಕೇಳುತ್ತಾರೆ.
2. ನಿಮ್ಮ ಮಾತು ನನಗೆ ಕೇಳಿಸುತ್ತಿಲ್ಲ.
3. ಅವಳು ಅಪ್ಪನ ಬಳಿ ಹಣ ಕೇಳಿದಳು.
4. ಅವರ ಹೆಸರು ಕೇಳಿದ್ದೇನೆ, ಅವರನ್ನು ನೋಡಿಲ್ಲ.
5. ಈ ಚಿತ್ರ ನೋಡು.

ಉತ್ತರಗಳು: 1. ಗ್ರ್ಯಾಂಡ್‌ಮದರ್ ಲಿಸನ್ಸ್ ಟು ದ ರೇಡಿಯೋ ಆಟ್ ನೈಟ್. 2. ಐ ಕಾಂಟ್ ಹಿಯರ್ ಯು. 3. ಶಿ ಆಸ್ಕ್ಡ್ ಹರ್ ಫಾದರ್ ಫಾರ್ ಮನಿ. 4. ಐ ಹ್ಯಾವ್ ಹರ್ಡ್ ಆಫ್ ಹಿಮ್, ಬಟ್ ಐ ಹ್ಯಾವ್ ನಾಟ್ ಸೀನ್ ಹಿಮ್. 5. ಲುಕ್ ಆಟ್ ದಿಸ್ ಪಿಕ್ಚರ್.

ಮುಂದಿನ ವಾರ ಇನ್ನೊಂದು ಜೋಡಿ: ‘ಹೇಳು’ ಎಂಬುದಕ್ಕೆ ‘ಸೇ’ ಎಲ್ಲಿ, ‘ಟೆಲ್’ ಎಲ್ಲಿ?