ಏಳು ಟೂಲ್, ನಲವತ್ತೈದು ದಿನ, ಒಂದು ಜೊತೆ ಬಳೆ

ಮೊದಲೇ ಹೇಳಿಬಿಡ್ತೀನಿ, ನಾನು ಹೇಳ್ತಿರೋದು ಶಿವಮೊಗ್ಗದ ರಾಗಿಗುಡ್ಡದ ಕಥೆ. ಬೆಂಗಳೂರಿನ ಗೆಳೆಯರಿಗೆ ರಾಗಿಗುಡ್ಡ ಅಂದ್ರೆ ಜಯನಗರದ ಆಂಜನೇಯನ ಗುಡಿ ನೆನಪಾಗುತ್ತೆ, ಈಗಂತೂ ಅಲ್ಲಿ ಅದೇ ಹೆಸರಿನ ಮೆಟ್ರೋ ಸ್ಟೇಷನ್ನೂ ಬಂದಿದೆ. ನಮ್ಮ ರಾಗಿಗುಡ್ಡಕ್ಕೆ ಮೆಟ್ರೋ ಇಲ್ಲ. ಆದರೆ ಬೆಂಗಳೂರಿನ ಟ್ರೈನಿಂಗ್ ಸಂಸ್ಥೆಗಳ ಜಾಹೀರಾತು ಮಾತ್ರ ವಾಟ್ಸಾಪ್ ಹತ್ತಿ ದಿನಾ ಬರುತ್ತೆ.

ಹೋದ ಭಾನುವಾರ ಪಕ್ಕದ ಮನೆ ಹುಡುಗ ಅಂಥದ್ದೊಂದನ್ನು ತೋರಿಸೋಕೆ ಬಂದ. ಇಲ್ಲೇ ಪೇಟೆಯಲ್ಲಿ ಒಂದು ಫೈನಾನ್ಸ್ ಆಫೀಸಿನಲ್ಲಿ ಕೆಲಸ ಅವನಿಗೆ. ತಿಂಗಳ ಕೊನೆಗೆ ಡೇಟಾಬೇಸ್‌ನಿಂದ ರಿಪೋರ್ಟ್ ಇಳಿಸಿ, ಎಕ್ಸೆಲ್‌ನಲ್ಲಿ ತಿದ್ದಿ, ಸಾಹೇಬರಿಗೆ ಕೊಡಬೇಕು. ಈ ಕೆಲಸದಲ್ಲೇ ಚೆನ್ನಾಗಿ ಪಳಗಬೇಕು ಅಂತ ಆಸೆ. ಒಳ್ಳೇದೇ. ಆದರೆ ಆ ಜಾಹೀರಾತು ನೋಡಿ ನನಗೆ ಪಿತ್ತ ನೆತ್ತಿಗೇರಿತು. ನಲವತ್ತೈದು ದಿನದಲ್ಲಿ ಏಳು ರಿಪೋರ್ಟಿಂಗ್ ಟೂಲ್! ನೂರಕ್ಕೆ ನೂರು ಪ್ಲೇಸ್‌ಮೆಂಟ್! ಫೀಸು 60,000 ರೂಪಾಯಿ, ಪಿಜಿ ಖರ್ಚು ಬೇರೆ.

ಅವನ ಹಿಂದೆಯೇ ಅವನ ಅಮ್ಮನೂ ಬಂದರು. "ನೋಡಪ್ಪಾ, ನೀನೂ ಇದೇ ಲೈನಲ್ಲಿ ಇದ್ದೀಯ. ನೀನು ಹೂಂ ಅಂದ್ರೆ ನಾಳೆನೇ ಸೊಸೈಟಿಲಿ ಬಳೆ ಇಡ್ತೀನಿ" ಅಂದರು.

ಹೂಂ ಅನ್ನೋಕೆ ಆಗಲಿಲ್ಲ. ಯಾಕೆ ಅಂತ ಅವರಿಗೆ ಅರ್ಧಂಬರ್ಧ ಹೇಳಿದೆ. ಇಲ್ಲಿ ಪೂರ್ತಿ ಹೇಳ್ತೀನಿ.

ನಾನೂ ಇಂಥದ್ದೇ ಒಂದು ಕೋರ್ಸಿಗೆ ದುಡ್ಡು ಸುರಿದವನು ಸ್ವಾಮಿ. ಬಿಇ ಮುಗಿಸಿದ ವರ್ಷ. ಸರ್ಟಿಫಿಕೇಟ್‌ಗೆ ಲ್ಯಾಮಿನೇಷನ್ ಬೇರೆ ಮಾಡಿಸಿದ್ದೆ. ಮೊದಲ ಕೆಲಸದಲ್ಲಿ ಸಾಲ ಮತ್ತು ಮರುಪಾವತಿಯ ರಿಪೋರ್ಟ್ ಮಾಡು ಅಂದರು. ಮಾಡಿದೆ. ಬಣ್ಣ ಬಣ್ಣದ ಚಾರ್ಟು, ಕ್ಲಿಕ್ ಮಾಡಿದರೆ ಬಿಚ್ಚಿಕೊಳ್ಳೋ ಸಾಲುಗಳು, ನೋಡೋಕೆ ಮದುವೆ ಮಂಟಪದ ಥರ ಇತ್ತು. ನಮ್ಮ ಸೀನಿಯರ್ ಒಬ್ಬರು ಕನ್ನಡಕ ಏರಿಸಿ ಒಂದೇ ಪ್ರಶ್ನೆ ಕೇಳಿದರು: "ಈ ಟೋಟಲ್ ಯಾವ ಲೆಡ್ಜರ್ ಜೊತೆ ತಾಳೆ ನೋಡಿದೆ?" ನಾನು ಯಾವುದರ ಜೊತೆಗೂ ನೋಡಿರಲಿಲ್ಲ. ಒಬ್ಬರು ಒಂದು ಲಕ್ಷ ಸಾಲ ತಗೊಂಡು ಮೂರು ಕಂತು ಕಟ್ಟಿದ್ದರೆ, ಸಾಲದ ಟೇಬಲ್ಲನ್ನೂ ಕಂತಿನ ಟೇಬಲ್ಲನ್ನೂ ಜಾಯಿನ್ ಮಾಡಿದಾಗ ಆ ಒಂದು ಲಕ್ಷ ಮೂರು ಸಾಲಿನಲ್ಲಿ ಬರುತ್ತೆ. ಕೂಡಿದರೆ ಮೂರು ಲಕ್ಷ! ಇಡೀ ಕಂಪನಿಯ ಸಾಲವನ್ನೇ ನಾನು ಹೀಗೆ ಉಬ್ಬಿಸಿ ಕೂತಿದ್ದೆ. ಟೂಲ್ ಒಂದೂ ಎರರ್ ಕೊಟ್ಟಿರಲಿಲ್ಲ. ಯಾಕೆ ಕೊಡುತ್ತೆ? ಕೇಳಿದ್ದನ್ನೇ ತಾನೇ ಅದು ಕೂಡಿದ್ದು.

ನನ್ನ ಸಿಟ್ಟು ಇರೋದೇ ಇಲ್ಲಿ. ಈ ಸಂಸ್ಥೆಗಳು ಕಲಿಸೋದು ಗುಂಡಿ ಒತ್ತೋದನ್ನ. ರಿಪೋರ್ಟ್ ತಪ್ಪಾಗೋದು ಗುಂಡಿಯಲ್ಲಲ್ಲ, ಅದಕ್ಕೂ ಮುಂಚೆ, ಡೇಟಾವನ್ನು ಕೇಳೋ ರೀತಿಯಲ್ಲಿ.

ಹುಡುಗನ ಎದುರೇ ಆ ಸಂಸ್ಥೆಗೆ ಫೋನ್ ಹಾಕಿಸಿದೆ. ಜಾಯಿನ್ ಎಷ್ಟು ದಿನ ಕಲಿಸ್ತೀರಿ ಅಂತ ಕೇಳಿದ. "ಎಸ್‌ಕ್ಯೂಎಲ್ ಬೇಸಿಕ್ಸ್ ಒಂದು ದಿನ ಕವರ್ ಮಾಡ್ತೀವಿ ಸರ್." ಒಂದೇ ದಿನ! ಅಭ್ಯಾಸಕ್ಕೆ ಯಾವ ಡೇಟಾ? ಅಡ್ವೆಂಚರ್‌ವರ್ಕ್ಸ್ ಅಂತೆ. ಅದು ಮೈಕ್ರೋಸಾಫ್ಟ್‌ನವರು ಪುಕ್ಕಟೆ ಕೊಡೋ ಮಾದರಿ ಡೇಟಾಬೇಸ್, ಇಲ್ಲದ ಒಂದು ಸೈಕಲ್ ಕಂಪನಿಯದ್ದು. ಶುರು ಮಾಡೋಕೆ ಪರವಾಗಿಲ್ಲ, ಆದರೆ ಅದಕ್ಕೆ ಲೆಡ್ಜರ್ ಇಲ್ಲ, ಬಯ್ಯೋ ಸಾಹೇಬರಿಲ್ಲ, ತಾಳೆ ನೋಡೋಕೆ ಏನೂ ಇಲ್ಲ.

ನಮ್ಮೂರಲ್ಲೇ ಬೇಕಾದಷ್ಟು ಡೇಟಾ ಬಿದ್ದಿದೆ ಮಾರಾಯ ಅಂದೆ. ಶಿವಮೊಗ್ಗದ ಅಡಿಕೆ ಮಾರುಕಟ್ಟೆ ತಗೋ. ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ಬೇರೆ ಬೇರೆ ಬಗೆ, ಪ್ರತಿಯೊಂದಕ್ಕೂ ಕನಿಷ್ಠ, ಗರಿಷ್ಠ ಮತ್ತು ಸಾಮಾನ್ಯ ದರ, ಜೊತೆಗೆ ಆವಕ. ಕೇಂದ್ರ ಸರ್ಕಾರದ ಅಗ್‌ಮಾರ್ಕ್‌ನೆಟ್ ತಾಣದಲ್ಲಿ ಸಿಗುತ್ತೆ, ಒಂದು ಪೈಸೆ ಖರ್ಚಿಲ್ಲ. ಈಗ ತಿಂಗಳ ಸರಾಸರಿ ದರ ಹೇಳು ನೋಡೋಣ.

ಅವನು ದಿನದ ದರಗಳನ್ನ ಕೂಡಿಸಿ ದಿನಗಳಿಂದ ಭಾಗಿಸಿದ. ಎಲ್ಲರೂ ಮಾಡೋದು ಅದೇ. ಈಗ ಹೀಗೆ ಅಂದುಕೊಳ್ಳಿ: ಸೋಮವಾರ 10 ಕ್ವಿಂಟಾಲ್ ಬಂತು, ದರ 50,000. ಮಂಗಳವಾರ 90 ಕ್ವಿಂಟಾಲ್ ಬಂತು, ದರ 45,000. ಸುಮ್ಮನೆ ಸರಾಸರಿ ತೆಗೆದರೆ 47,500. ನಿಜವಾಗಿ ಕ್ವಿಂಟಾಲಿಗೆ ಕೈಸೇರಿದ್ದು 45,500. ಎರಡು ಸಾವಿರದ ವ್ಯತ್ಯಾಸ. ಇನ್ನು ಸರಕಿಗೂ ಗೊರಬಲಿಗೂ ದರ ಅಜಗಜಾಂತರ, ಅವೆರಡನ್ನೂ ಬೆರೆಸಿ ಸರಾಸರಿ ಅಂದ್ರೆ ಮಂಡಿಯಲ್ಲಿ ಮೂಟೆ ಹೊರೋ ಅಣ್ಣನೂ ನಗ್ತಾನೆ. ಮಂಡಿಯವರಿಗೆ ಗೊತ್ತಿರೋ ಈ ವಿಷಯ ಜಾಹೀರಾತಿನ ಏಳು ಟೂಲ್‌ಗಳಲ್ಲಿ ಎಲ್ಲಿದೆ?

ಇನ್ನೊಂದು ನಮ್ಮದೇ ಕಷ್ಟ. ಗ್ರಾಹಕರ ಹೆಸರು ಕನ್ನಡದಲ್ಲಿ ಇದ್ದರೆ? ಮಾಮೂಲಿ ಸೆಟ್ಟಿಂಗ್‌ನ ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಕಾಲಂ ಎನ್‌ವಾರ್‌ಚಾರ್ ಆಗಿಲ್ಲದಿದ್ದರೆ, ಅಥವಾ ಕ್ವೆರಿಯಲ್ಲಿ ಹೆಸರಿನ ಮುಂದೆ ಎನ್ ಅಕ್ಷರ ಹಾಕೋದು ಮರೆತರೆ, ನಿಂಗಪ್ಪ ಅನ್ನೋರು ಏಳು ಪ್ರಶ್ನಾರ್ಥಕ ಚಿಹ್ನೆ ಆಗಿ ಕೂರ್ತಾರೆ. ಆಮೇಲೆ ಅದನ್ನ ವಾಪಸ್ ತರೋಕೆ ಬ್ರಹ್ಮನಿಗೂ ಆಗಲ್ಲ. ಸೈಕಲ್ ಕಂಪನಿ ಡೇಟಾದಲ್ಲಿ ನಿಂಗಪ್ಪ ಇಲ್ಲವಲ್ಲ, ಹಾಗಾಗಿ ಕಲಿಸೋರಿಗೂ ಇದು ಎದುರಾಗಲ್ಲ.

"ಆದ್ರೆ ಅಣ್ಣಾ, ರೆಸ್ಯೂಮೆಯಲ್ಲಿ ಟೂಲ್ ಹೆಸರಿಲ್ಲ ಅಂದ್ರೆ ಎಚ್‌ಆರ್ ಕರೆಯೋದೇ ಇಲ್ಲ" ಅಂದ. ನಿಜ. ಈ ಮಾತಿಗೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಹಾಗಾಗಿ ಒಂದು ಟೂಲ್ ಕಲಿ ಅಂದೆ, ಏಳಲ್ಲ. ಆ ಹೆಸರುಗಳ ಹಣೆಬರಹವನ್ನೂ ಸ್ವಲ್ಪ ನೋಡಿ. ಕ್ರಿಸ್ಟಲ್ ರಿಪೋರ್ಟ್ಸ್ ಸೀಗೇಟ್ ಕೈಯಿಂದ ಬಿಸಿನೆಸ್ ಆಬ್ಜೆಕ್ಟ್ಸ್‌ಗೆ, ಅಲ್ಲಿಂದ ಎಸ್‌ಎಪಿಗೆ ಹೋಯಿತು. ಕಾಗ್ನೋಸ್ 2008ರಲ್ಲಿ ಐಬಿಎಂ ಪಾಲಾಯಿತು. ಮೈಕ್ರೋಸಾಫ್ಟ್ 2004ರಲ್ಲಿ ತಂದ ರಿಪೋರ್ಟಿಂಗ್ ಸರ್ವಿಸಸ್, ಎಸ್‌ಕ್ಯೂಎಲ್ ಸರ್ವರ್ 2025ರ ಜೊತೆ ಬರಲೇ ಇಲ್ಲ, ಅದರ ಜಾಗಕ್ಕೆ ಪವರ್ ಬಿಐ ರಿಪೋರ್ಟ್ ಸರ್ವರ್ ಬಂದು ಕೂತಿದೆ. ಪವರ್ ಬಿಐ ಪರೀಕ್ಷೆಯ ಹೆಸರೇ ಡಿಎ-100 ಇದ್ದದ್ದು 2022ರಲ್ಲಿ ಪಿಎಲ್-300 ಆಯಿತು. ಇವೆಲ್ಲದರ ಕೆಳಗೆ ಅಲುಗಾಡದೆ ಕೂತಿರೋದು ಎಸ್‌ಕ್ಯೂಎಲ್. 1970ರಲ್ಲಿ ಕಾಡ್ ಬರೆದ ಪ್ರಬಂಧದ ಮೇಲೆ 1974ರಲ್ಲಿ ಚೇಂಬರ್ಲಿನ್ ಮತ್ತು ಬಾಯ್ಸ್ ಕಟ್ಟಿದ ಭಾಷೆ. ನನ್ನಪ್ಪ ಶಾಲೆಗೆ ಹೋಗ್ತಿದ್ದ ಕಾಲದ್ದು, ಇವತ್ತಿಗೂ ನನಗೆ ಅನ್ನ ಹಾಕ್ತಿರೋದು ಅದೇ.

ದುಡ್ಡು ಕೊಟ್ಟು ಕಲಿಯೋದೇ ತಪ್ಪು ಅಂತ ನಾನು ಹೇಳ್ತಿಲ್ಲ. ಪೋಸ್ಟ್‌ಗ್ರೆಸ್ ಪುಕ್ಕಟೆ, ಪವರ್ ಬಿಐ ಡೆಸ್ಕ್‌ಟಾಪ್ ಪುಕ್ಕಟೆ, ಪಾಠದ ವಿಡಿಯೋಗಳಿಗಂತೂ ಲೆಕ್ಕವೇ ಇಲ್ಲ. ಪುಕ್ಕಟೆ ಸಿಗದೇ ಇರೋದು ಒಂದೇ: ನೀವು ಬರೆದ ಕ್ವೆರಿಯನ್ನು ಕೂತು ಓದಿ, ಇಲ್ಲಿ ತಪ್ಪಿದೆ ನೋಡಪ್ಪ ಅನ್ನೋ ಮನುಷ್ಯ. ಅಂಥವರು ಇದ್ದರೆ ಅವರಿಗೆ ಕೊಡಿ, ಧಾರಾಳವಾಗಿ ಕೊಡಿ. ಬ್ಯಾಚಿನಲ್ಲಿ ಎಷ್ಟು ಜನ, ನನ್ನ ಆಫೀಸಿನ ಸಮಸ್ಯೆ ತಂದರೆ ನೋಡ್ತೀರಾ, ತಪ್ಪು ಟೋಟಲ್ ಬಂದ ರಿಪೋರ್ಟ್ ಕೊಟ್ಟು ಹುಡುಕಿಸ್ತೀರಾ ಅಂತ ಕೇಳಿ. ನಮ್ಮ ಹುಡುಗ ಈ ಮೂರನ್ನೂ ಕೇಳಿದ. ಆ ಕಡೆಯಿಂದ ಬಂದ ಉತ್ತರ: "ಸರ್, ಇವತ್ತೇ ಕಟ್ಟಿದ್ರೆ 10 ಪರ್ಸೆಂಟ್ ಡಿಸ್ಕೌಂಟ್ ಇದೆ."

ಅಂದಹಾಗೆ, ಈ ರಿಪೋರ್ಟುಗಳ ಲಾಭ ಉಣ್ಣೋದು ಅವನ ಆಫೀಸು. ಕಲಿಯೋ ಖರ್ಚಿಗೆ ಮಾತ್ರ ಅವನಮ್ಮನ ಬಳೆ! ಸಾಹೇಬರ ಹತ್ತಿರ ಟ್ರೈನಿಂಗ್ ಖರ್ಚು ಕೇಳು ಅಂದೆ. "ಅಯ್ಯೋ, ಕೇಳಿದ್ರೆ ಕೆಲಸನೇ ಹೋಗುತ್ತೆ ಅಣ್ಣಾ" ಅಂದ. ಬೆಂಗಳೂರಿನ ದೊಡ್ಡ ಕಂಪನಿಯ ಕಥೆಯನ್ನ ಪೇಟೆಯ ಮೂರು ಕುರ್ಚಿ ಆಫೀಸಿಗೆ ಹೇಳಿ ಪ್ರಯೋಜನ ಇಲ್ಲ ಅಂತ ಸುಮ್ಮನಾದೆ.

ಹುಡುಗನಿಗೆ ಇನ್ನೂ ಪೂರ್ತಿ ಮನಸ್ಸು ಒಪ್ಪಿಲ್ಲ, ಮುಖ ನೋಡಿದರೆ ಗೊತ್ತಾಗುತ್ತೆ. ಗೆಳೆಯರೆಲ್ಲ ಬೆಂಗಳೂರಿಗೆ ಹೋದರು, ತಾನೊಬ್ಬನೇ ಉಳಿದೆ ಅನ್ನೋ ಸಂಕಟ ಬೇರೆ. ಎರಡು ತಿಂಗಳು ವಾರಕ್ಕೊಮ್ಮೆ ಬಾ, ಆಮೇಲೂ ಕೋರ್ಸ್ ಬೇಕು ಅನಿಸಿದರೆ ನಾನೇ ಅಮ್ಮನಿಗೆ ಹೇಳ್ತೀನಿ ಅಂದಿದ್ದೇನೆ. ಆಂಟಿ ಕಾಫಿ ಲೋಟ ತಗೊಂಡು ಹೋಗುವಾಗ ಕೈಯಲ್ಲಿ ಬಳೆ ಇತ್ತು. ಬರೋ ಭಾನುವಾರ ಅವನು ಎರಡು ವರ್ಷದ ರಾಶಿ ಅಡಿಕೆ ದರವನ್ನ ಟೇಬಲ್‌ಗೆ ಹಾಕಿಕೊಂಡು ಬರಬೇಕು.